ಅರ್ಥಗ್ರಹಣವೂ ರಸಗ್ರಹಣವೂ: ಲಂಡನ್ನಿನಲ್ಲಿ ನತ್ಸುಮೆ ಸೋಸೆಕಿಯ ಇಂಗ್ಲಿಷ್ ವ್ಯಾಸಂಗ

ಜಪಾನು ದೇಶದ ನವೀನ ಗದ್ಯಸಾಹಿತ್ಯದಲ್ಲಿ ಅಗ್ರಗಣ್ಯನೆನಿಸಿದ ನತ್ಸುಮೆ ಸೋಸೆಕಿಯು (೧೮೬೭–೧೯೧೬) ಕಾದಂಬರಿಕಾರನೆಂದು ಪ್ರಸಿದ್ಧಿಗೆ ಬರುವುದಕ್ಕೆ ಮುಂಚೆ ಇಂಗ್ಲಿಷ್ ಅಧ್ಯಾಪಕನಾಗಿದ್ದನು. ಕುಮಾಮೊತೋ ನಗರದ ಉನ್ನತ ಪಾಠಶಾಲೆಯಲ್ಲಿ ಬೋಧಿಸುತ್ತಿದ್ದ ಈತನನ್ನು ೧೯೦೦ನೆಯ ಇಸವಿಯಲ್ಲಿ ಆ ದೇಶದ ವಿದ್ಯಾಶಾಖೆಯವರು ಎರಡು ವರ್ಷಗಳ ವ್ಯಾಸಂಗಕ್ಕೆಂದು ಇಂಗ್ಲೆಂಡಿಗೆ ಕಳುಹಿಸಿದರು. ಆಜ್ಞಾಪತ್ರದಲ್ಲಿ ವ್ಯಾಸಂಗದ ವಿಷಯವು ‘ಇಂಗ್ಲಿಷ್ ಭಾಷೆ’ ಎಂದಿದ್ದಿತೇ ಹೊರತು ‘ಇಂಗ್ಲಿಷ್ ಸಾಹಿತ್ಯ’ವೆಂದಿರಲಿಲ್ಲ. ಈ ಒಂದು ಪದದ ಭೇದವು ಆತನ ಮನಸ್ಸನ್ನು ಕೊರೆಯಿತು. ಅಧಿಕಾರಿಯನ್ನು ಕಂಡು ವಿಚಾರಿಸಲಾಗಿ, ಆಜ್ಞೆಯನ್ನು ಅಷ್ಟು ಸಂಕುಚಿತವಾಗಿ ಗ್ರಹಿಸಬೇಕಾಗಿಲ್ಲ, ಮರಳಿ ಬಂದು ಬೋಧಿಸುವುದಕ್ಕೆ ತಕ್ಕುದನ್ನು ಕಲಿತರೆ ಸಾಕೆಂಬ ಉತ್ತರ ದೊರೆಯಿತು. ಉತ್ತರವು ಸರಳವಾಗಿಯೇ ಇದ್ದಿತು, ಪ್ರಶ್ನೆಯು ಸರಳವಾದುದಲ್ಲ. ಭಾಷೆಯನ್ನು ಕಲಿತವನಿಗೆ ಅದರ ಕಾವ್ಯವು ತಾನಾಗಿಯೇ ಒಲಿಯುವುದೆ? ಒಲಿಯದಿದ್ದಲ್ಲಿ ಆ ಕಾವ್ಯದ ಗುಣದೋಷಗಳನ್ನು ಕುರಿತು ನುಡಿಯಲು ಪರದೇಶೀಯನಾದ ವಿದ್ಯಾರ್ಥಿಗೆ ಅಧಿಕಾರವುಂಟೆ? ಪರದೇಶಕ್ಕೆ ಹೋಗಿ ಇಂಗ್ಲಿಷನ್ನು ಕಲಿಯುವವರು ಅಂದಿಗಿಂತ ಇಂದು ಬಹುಸಂಖ್ಯಾತರು. ಆದರೆ ತಮ್ಮ ವ್ಯಾಸಂಗದ ಸಂಕಟವನ್ನೇ ಶಾಸ್ತ್ರವಿಚಾರಕ್ಕೆ ವಸ್ತುವಾಗಿ ಮಾಡಿಕೊಂಡವರು ವಿರಳ. ಆದಕಾರಣ ಈತನ ವೃತ್ತಾಂತವು ವಿಚಾರಾರ್ಹವಾಗಿದೆ.

ಸೋಸೆಕಿಯು ಬಾಲ್ಯದಲ್ಲಿ ಚೀನಾ ದೇಶದ ಪ್ರಾಚೀನಗ್ರಂಥಗಳನ್ನು ಪಾಠಶಾಲೆಯಲ್ಲಿ ಓದಿದವನು. ಆತನ ನಿಜನಾಮಧೇಯವು ಕಿನ್ನೊಸುಕೆ ಎಂದು. ‘ಸೋಸೆಕಿ’ ಎಂಬುದು ಚೀನೀ ಕಥೆಯೊಂದರಿಂದ ತೆಗೆದುಕೊಂಡ ಕಾವ್ಯನಾಮ. ‘ಕಲ್ಲನ್ನು ತಲೆದಿಂಬಾಗಿ ಮಾಡಿಕೊಂಡು ಹೊಳೆಯ ನೀರಿನಿಂದ ಬಾಯಿ ಮುಕ್ಕಳಿಸುವೆನು’ ಎನ್ನಬೇಕಾಗಿದ್ದ ಒಬ್ಬನು ಬಾಯಿತಪ್ಪಿ ‘ಹೊಳೆಯನ್ನು ತಲೆದಿಂಬಾಗಿ ಮಾಡಿಕೊಂಡು ಕಲ್ಲಿನಿಂದ ಬಾಯಿ ಮುಕ್ಕಳಿಸುವೆನು’ ಎಂದನಂತೆ. ತಪ್ಪನ್ನು ತೋರಿಸಿದವರಿಗೆ, ಹೊಳೆಯು ಕಿವಿಯನ್ನು ತೊಳೆಯುವುದಕ್ಕೆ, ಕಲ್ಲು ಹಲ್ಲನ್ನು ಉಜ್ಜುವುದಕ್ಕೆ ಎಂದು ಸಮರ್ಥಿಸಿಕೊಂಡನಂತೆ. ಹಿಡಿದ ಹಟವನ್ನು ಬಿಡದವನಿಗೆ ಈ ಹೆಸರು ಸಂಕೇತ. ಮುಂದಿನ ಕಥೆಗೂ ಇದು ಹೊಂದುತ್ತದೆ.

ತೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸಮಾಡಿ ಈತನು ೧೮೯೩ರಲ್ಲಿ ಪದವೀಧರನಾದನು. ಅಲ್ಲಿ ವರ್ಡ್ಸ್‌ವರ್ತ್ ಕವಿಯ ಜನನ ಮರಣಗಳ ವರ್ಷಗಳಾವುವು, ಷೇಕ್ಸ್‌ಪಿಯರನ ಫೋಲಿಯೋ ಪ್ರತಿಗಳು ಎಷ್ಟು, ಸ್ಕಾಟನ ಕೃತಿಗಳ ಕಾಲಾನುಕ್ರಮವೇನು ಎಂಬಂತಹ ಪ್ರಶ್ನೆಗಳನ್ನು ಪರೀಕ್ಷೆಯಲ್ಲಿ ಕೇಳುತ್ತಿದ್ದರೆಂದೂ, ಮೂರು ವರ್ಷ ಓದಿದ ಮೇಲೂ ಸಾಹಿತ್ಯವೆಂದರೇನೆಂಬುದು ತನಗೆ ತಿಳಿಯಲಿಲ್ಲವೆಂದೂ ೧೯೧೪ರ ಉಪನ್ಯಾಸವೊಂದರಲ್ಲಿ ಆತನೇ ಹೇಳಿಕೊಂಡಿರುವನು.

೧೯೦೦ನೆಯ ಇಸವಿ ಅಕ್ಟೋಬರ್ ೨೮ರಂದು ಲಂಡನ್ನನ್ನು ತಲುಪಿದ ಸೋಸೆಕಿಗೆ ಮೊದಲು ಎದುರಾದ ಚಿಂತೆಯು ಎಲ್ಲಿ ಓದಬೇಕೆಂಬುದು. ಕೇಂಬ್ರಿಡ್ಜಿಗೆ ಹೋಗಿ ನೋಡಿದನು. ಅಲ್ಲಿಯ ಶ್ರೀಮಂತ ವಿದ್ಯಾರ್ಥಿಗಳಂತೆ ವೆಚ್ಚಮಾಡಲು ವರ್ಷಕ್ಕೆ ೧೮೦೦ ಯೆನ್ನುಗಳ ವೇತನವು ಎಲ್ಲಿಯೂ ಸಾಲದು. ಪುಸ್ತಕಗಳನ್ನು ಕೊಳ್ಳುವ ಆಸೆಯಂತೂ ಕೈಬಿಡಬೇಕಾಗುತ್ತಿದ್ದಿತು. ಎಡಿನ್‌ಬರೋ ನಗರದ ಯೋಚನೆಯೂ ಬಂದಿತು. ಆದರೆ ಆ ಕಡೆಯ ಉಚ್ಚಾರಣೆಯು ಜಪಾನಿನ ಸೆಂದಾಯ್ ಪ್ರಾಂತದ ಆಡುನುಡಿಯಂತೆ ಶಿಷ್ಟಭಾಷೆಗೆ ದೂರವೆಂದು ಭಾವಿಸಿ ಅದನ್ನೂ ಬಿಟ್ಟನು. ಲಂಡನ್ನಿನಲ್ಲಿಯೇ ನಿಂತು, ಅಲ್ಲಿಯ ಯೂನಿವರ್ಸಿಟಿ ಕಾಲೇಜಿನಲ್ಲಿ ಮಧ್ಯಯುಗದ ಸಾಹಿತ್ಯದಲ್ಲಿ ನಿಷ್ಣಾತರಾದ ಡಬ್ಲ್ಯು. ಪಿ. ಕೆರ್ ಅವರ ಉಪನ್ಯಾಸಗಳನ್ನು ಕೆಲವು ಕಾಲ ಕೇಳಿದನು. ಕೆಲವೇ ತಿಂಗಳುಗಳಲ್ಲಿ ಅದೂ ನಿಂತಿತು. ತಾನು ನಿರೀಕ್ಷಿಸಿದ್ದ ತಿಳಿವಳಿಕೆಯು ಅಲ್ಲಿ ಸಿಕ್ಕದೆಂದು ಆತನಿಗೆ ತೋರಿತು. ಕೆರ್ ಅವರ ವಿದ್ವತ್ತಿಗೆ ಇದರಿಂದ ಕುಂದಿಲ್ಲ. ಕೇಳುವವನ ಪ್ರಶ್ನೆಯೇ ಬೇರೆಯಾಗಿದ್ದಿತು.

ಅನಂತರ ಸುಮಾರು ಒಂದು ವರ್ಷಕಾಲ ವಿಲಿಯಂ ಜೇಮ್ಸ್ ಕ್ರೇಗ್ ಎಂಬ ವಿದ್ವಾಂಸರ ಮನೆಯಲ್ಲಿ ಪಾಠವು ನಡೆಯಿತು. ಇವರು ‘ಆರ್ಡನ್ ಷೇಕ್ಸ್‌ಪಿಯರ್’ ಮಾಲೆಯಲ್ಲಿ ‘ಕಿಂಗ್ ಲಿಯರ್’ ನಾಟಕವನ್ನು ಸಂಪಾದಿಸಿದವರು. ಷೇಕ್ಸ್‌ಪಿಯರನ ಪದಗಳಿಗೆ ಒಂದು ಬೃಹತ್ಕೋಶವನ್ನು ರಚಿಸಬೇಕೆಂದು ನೀಲಿ ಹೊದಿಕೆಯ ಪುಸ್ತಕಗಳಲ್ಲಿ ಸದಾ ಬರೆಯುತ್ತಿದ್ದವರು. ಪಾಠಕ್ಕೆ ಕ್ರಮವೆಂಬುದಿರಲಿಲ್ಲ, ಗುರುಗಳ ಮನಸ್ಸು ಹರಿದತ್ತ ಪಾಠವೂ ಹರಿಯುತ್ತಿದ್ದಿತು. ಕ್ರೇಗ್ ಅವರು ಐರ್ಲೆಂಡಿನವರು. ಅವರ ಉಚ್ಚಾರಣೆಯು ಶಿಷ್ಯನಿಗೆ ಬಹುಮಟ್ಟಿಗೆ ಅರ್ಥವಾಗುತ್ತಿರಲಿಲ್ಲ. ಸ್ಕಾಟ್ಲೆಂಡಿನ ಉಚ್ಚಾರಣೆಗೆ ಅಂಜಿ ಲಂಡನ್ನಿನಲ್ಲಿ ನಿಂತವನಿಗೆ ಐರ್ಲೆಂಡಿನ ಉಚ್ಚಾರಣೆಯು ಗಂಟುಬಿದ್ದಿತು!

ವಸತಿಗೃಹಗಳಲ್ಲಿ ಕೇಳಿಬರುತ್ತಿದ್ದ ಇಂಗ್ಲಿಷು ಇನ್ನೂ ಬೇರೆ. ೧೯೦೧ರಲ್ಲಿ ಸೋಸೆಕಿಯು ರೋಗಶಯ್ಯೆಯಲ್ಲಿದ್ದ ತನ್ನ ಮಿತ್ರ, ಕವಿ ಮಸಓಕ ಶಿಕಿಗೆ ಬರೆದ ವಿನೋದಮಯವಾದ ಪತ್ರಗಳಲ್ಲಿ ಈ ವಿಷಯವು ಬಂದಿದೆ. ಮನೆಯ ಪರಿಚಾರಿಕೆಯು ಬಾಯಿಬಡುಕಿ. ಲಂಡನ್ನಿನ ಸಾಮಾನ್ಯಜನರ ‘ಕಾಕ್ನಿ’ ಎಂಬ ಆಡುನುಡಿಯಲ್ಲಿ ಎಡೆಬಿಡದೆ ಮಾತನಾಡುವವಳು. ‘ಐ ಬೆಗ್ ಯುವರ್ ಪಾರ್ಡನ್’ ಎಂಬುದು ಅವಳ ಬಾಯಲ್ಲಿ ‘ಬೆಜ್ ಪಾರ್ಡನ್’ ಎಂದಾಗುತ್ತಿದ್ದುದರಿಂದ ಸೋಸೆಕಿಯು ಅವಳಿಗೆ ಅದನ್ನೇ ಅಡ್ಡಹೆಸರಾಗಿಟ್ಟನು. ಅವಳು ಹೇಳುವುದು ತಿಳಿಯದು, ನಿಲ್ಲಿಸೆಂದು ಹೇಳುವ ಧೈರ್ಯವೂ ಇಲ್ಲ. ‘ಗೌಃ’ ಎಂಬ ಒಂದೇ ಸಾಧುಶಬ್ದಕ್ಕೆ ಗಾವೀ, ಗೋಣೀ ಮೊದಲಾಗಿ ಅನೇಕ ಅಪಭ್ರಂಶಗಳುಂಟೆಂದು ಮಹಾಭಾಷ್ಯಕಾರನು ಉದಾಹರಿಸಿರುವನಷ್ಟೆ. ಗ್ರಂಥಗಳಿಂದ ಸಾಧುಶಬ್ದಗಳನ್ನು ಕಲಿತು ಬಂದವನಿಗೆ ಲೋಕವ್ಯವಹಾರದಲ್ಲಿ ದೊರೆತುದು ಗಾವೀ ಗೋಣೀಗಳೇ.

ಇದರ ಜೊತೆಗೆ ಇನ್ನೊಂದು ಬಗೆಯ ಅವಮಾನವೂ ಇದ್ದಿತು. ಮನೆಯ ಹೆಂಗಸರು ‘ಸ್ಟ್ರಾ’ ಎಂದರೆ ಹುಲ್ಲು, ಗೊತ್ತೆ? ‘ಟನಲ್’ ಎಂಬ ಪದವನ್ನು ಬಲ್ಲೆಯಾ? ಎಂದು ಕೇಳುವರು. ಷೇಕ್ಸ್‌ಪಿಯರನ ಪಾಠಾಂತರಗಳನ್ನು ಚರ್ಚಿಸುವವನನ್ನು ಹುಲ್ಲಿನ ಹೆಸರು ಕೇಳಿ ಪರೀಕ್ಷಿಸಿದರೆ ಏನೆನ್ನಬೇಕು? ಕೇಳಿದವರಲ್ಲಿ ದುರ್ಬುದ್ಧಿಯಿರಲಿಲ್ಲ, ಮಾತಿನಲ್ಲಿ ತಡವರಿಸುವವನಿಗೆ ಓದೂ ಅಷ್ಟೇ ಇರಬೇಕೆಂದು ಬಗೆದರು. ಪರಭಾಷೆಯಲ್ಲಿ ನಾಲಗೆ ತೊಡರುವವರನ್ನು ಕಂಡು ಲೋಕವು ಇಂದಿಗೂ ಹೀಗೆಯೇ ಬಗೆಯುವುದುಂಟು. ಎರಡು ವರ್ಷಗಳಲ್ಲಿ ಇಂಗ್ಲಿಷರಂತೆ ಮಾತನಾಡಲು ಕಲಿಯುವುದು ಆಗದ ಕೆಲಸವೆಂದು ಸೋಸೆಕಿಯು ಬೇಗನೆ ನಿಶ್ಚಯಿಸಿ, ಕಾಲವನ್ನೂ ಹಣವನ್ನೂ ಓದಿಗೆ ಮೀಸಲಿಟ್ಟನು.

ನಿಜವಾದ ಸಂಕಟವು ಓದಿನಲ್ಲಿಯೇ ಹುಟ್ಟಿತು. ಇಂಗ್ಲಿಷ್ ವಿಮರ್ಶಕನೊಬ್ಬನು ಒಂದು ಪದ್ಯವನ್ನು ಶ್ಲಾಘಿಸಿರುವನು. ಓದಿದವನಿಗೆ ಅದರಲ್ಲಿ ಸ್ವಾದವು ಕಾಣದು. ಆಗ ವಿಮರ್ಶಕನ ಮಾತನ್ನೇ ತನ್ನ ಮಾತೆಂದು ತರಗತಿಯಲ್ಲಿ ಒಪ್ಪಿಸಬೇಕೆ? ಹಾಗೆ ಒಪ್ಪಿಸಿ ವಿದ್ವಾಂಸರೆನಿಸಿಕೊಂಡವರು ಎಲ್ಲ ದೇಶಗಳಲ್ಲಿಯೂ ಇದ್ದಾರೆ. ಸೋಸೆಕಿಗೆ ಇದು ಆತ್ಮವಂಚನೆಯೆಂದು ತೋರಿತು. ತನ್ನ ‘ಸಾಹಿತ್ಯಸಿದ್ಧಾಂತ’ (೧೯೦೭) ಎಂಬ ಗ್ರಂಥದ ಪೀಠಿಕೆಯಲ್ಲಿ ಆತನು ಒಂದು ಸೂಕ್ಷ್ಮವಾದ ಯುಕ್ತಿಯನ್ನು ಹೇಳಿರುವನು. ಚೀನೀ ಗ್ರಂಥಗಳಲ್ಲಿ ತನ್ನ ಪಾಂಡಿತ್ಯವು ಇಂಗ್ಲಿಷ್ ಪಾಂಡಿತ್ಯಕ್ಕಿಂತ ಹೆಚ್ಚಿನದೇನೂ ಅಲ್ಲ; ಆದರೂ ಚೀನೀ ಕಾವ್ಯವನ್ನು ಸವಿಯಬಲ್ಲೆನು, ಇಂಗ್ಲಿಷ್ ಕಾವ್ಯವನ್ನು ಹಾಗೆ ಸವಿಯಲಾರೆನು. ಭಾಷಾಜ್ಞಾನವು ಎರಡರಲ್ಲಿಯೂ ಸಮಾನವಾಗಿರಲು ಆಸ್ವಾದದಲ್ಲಿ ತಾರತಮ್ಯವೇಕೆ? ಎರಡೂ ‘ಸಾಹಿತ್ಯ’ವೆಂಬ ಒಂದೇ ಹೆಸರಿನಿಂದ ಕರೆಯಲ್ಪಟ್ಟರೂ ಜಾತಿಯಲ್ಲಿ ಭಿನ್ನವಾಗಿರಬೇಕು ಎಂಬುದು ಆತನ ನಿರ್ಣಯ.

ಇಲ್ಲಿ ಒಂದು ಅಂಶವು ವಿಶೇಷವಾಗಿ ಗಮನಾರ್ಹವಾಗಿದೆ. ಜಪಾನೀಯನಿಗೆ ಚೀನೀ ಭಾಷೆಯೂ ಪರಭಾಷೆಯೇ. ಆ ದೇಶದ ಪಂಡಿತರು ಚೀನೀ ವಾಕ್ಯಗಳನ್ನು ಜಪಾನೀ ಪದಕ್ರಮಕ್ಕೆ ಅನ್ವಯಿಸಿಕೊಂಡು ಓದುವರೇ ಹೊರತು ಚೀನೀಯರಂತೆ ಉಚ್ಚರಿಸುವುದಿಲ್ಲ. ಎಂದರೆ, ನಾಲಗೆಗೆ ಎಂದೂ ಬಾರದಿದ್ದ ಭಾಷೆಯು ರಸವನ್ನು ಕೊಟ್ಟಿತು. ಹಗಲಿರುಳೂ ಕಿವಿಗೆ ಬೀಳುತ್ತಿದ್ದ ಭಾಷೆಯು ಕೊಡಲಿಲ್ಲ. ಮನೆಯಲ್ಲಿ ಕನ್ನಡವನ್ನೇ ಆಡುತ್ತ ಪಾಠಶಾಲೆಯಲ್ಲಿ ಕಾಳಿದಾಸನನ್ನು ಓದಿದವರಿಗೆ ಇದು ಆಶ್ಚರ್ಯವೆನಿಸಲಾರದು. ಕಾವ್ಯಾನುಶೀಲನದ ಅಭ್ಯಾಸದಿಂದ ಮನಸ್ಸು ಕನ್ನಡಿಯಂತೆ ನಿರ್ಮಲವಾದವನೇ ಸಹೃದಯನೆಂದು ಅಭಿನವಗುಪ್ತನ ಮತ. ಸೋಸೆಕಿಯಲ್ಲಿ ಅಭ್ಯಾಸಕ್ಕೆ ಕೊರತೆಯಿರಲಿಲ್ಲ. ವಾಸನೆಯೆಂದು ನಮ್ಮವರು ಕರೆಯುವ ಪೂರ್ವಸಂಸ್ಕಾರವು ಇರಲಿಲ್ಲವೆನ್ನಬೇಕು. ಚೀನೀ ಕಾವ್ಯದ ವಾಸನೆಯು ಜಪಾನಿನಲ್ಲಿ ಸಾವಿರ ವರ್ಷಗಳಿಗೂ ಮೀರಿದುದು. ಇಂಗ್ಲಿಷ್ ಕಾವ್ಯದ ಪರಿಚಯವಾದರೋ ಒಂದು ತಲೆಮಾರಿನದು.

೧೯೦೧ರ ಬೇಸಗೆಯಲ್ಲಿ ಇಕೆದ ಕಿಕುನಾಯೆ ಎಂಬ ರಸಾಯನಶಾಸ್ತ್ರಜ್ಞನು ಜರ್ಮನಿಯಿಂದ ಬಂದು ಸೋಸೆಕಿಯೊಡನೆ ಕೆಲವು ವಾರಗಳು ಒಂದೇ ಮನೆಯಲ್ಲಿದ್ದನು. ಆತನೊಡನೆ ನಡೆದ ಸಂವಾದದಿಂದ ತನ್ನ ಪ್ರಶ್ನೆಯನ್ನು ಶಾಸ್ತ್ರೀಯವಾಗಿಯೇ ಬಿಡಿಸಬೇಕೆಂಬ ಸಂಕಲ್ಪವು ಸೋಸೆಕಿಯಲ್ಲಿ ಬಲವಾಯಿತು. (ಆಹಾರದಲ್ಲಿ ‘ಉಮಾಮಿ’ ಎಂಬ ರುಚಿಯನ್ನು ೧೯೦೮ರಲ್ಲಿ ಕಂಡುಹಿಡಿದವನು ಈ ಇಕೆದನೇ. ಒಬ್ಬನು ನಾಲಗೆಯ ರುಚಿಯನ್ನೂ ಮತ್ತೊಬ್ಬನು ಕಾವ್ಯದ ರುಚಿಯನ್ನೂ ವಿಶ್ಲೇಷಿಸಹೊರಟುದು ಸ್ವಾರಸ್ಯವಾಗಿದೆ.) ಸೋಸೆಕಿಯು ಸಾಹಿತ್ಯಗ್ರಂಥಗಳನ್ನೆಲ್ಲ ಪೆಟ್ಟಿಗೆಯಲ್ಲಿ ಕಟ್ಟಿಟ್ಟು, ಕೊಠಡಿಯ ಬಾಗಿಲನ್ನು ಹಾಕಿಕೊಂಡು, ಮನಶ್ಶಾಸ್ತ್ರ ಸಮಾಜಶಾಸ್ತ್ರಗಳನ್ನು ಓದಿ ಅತಿಸಣ್ಣ ಅಕ್ಷರಗಳಲ್ಲಿ ಟಿಪ್ಪಣಿಗಳನ್ನು ಬರೆಯತೊಡಗಿದನು. ಹಣವಿಲ್ಲ, ಸ್ನೇಹಿತರಿಲ್ಲ, ಜಠರವ್ಯಾಧಿಯೊಂದು ಬೇರೆ. ೧೯೦೨ರಲ್ಲಿ ಆತನಿಗೆ ಬುದ್ಧಿಭ್ರಮಣೆಯಾಗಿದೆಯೆಂಬ ವದಂತಿಯು ಜಪಾನಿನವರೆಗೂ ಮುಟ್ಟಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಶಿಕಿಯು ತೀರಿಕೊಂಡನು.

ಆ ಟಿಪ್ಪಣಿಗಳಿಂದ ಸಿದ್ಧವಾದ ಗ್ರಂಥದ ಮೂಲಸೂತ್ರವು ಹೀಗಿದೆ: ಸಾಹಿತ್ಯದ ವಸ್ತುವು ದೊಡ್ಡ ‘ಎಫ್’ ಮತ್ತು ಸಣ್ಣ ‘ಎಫ್’ ಎಂಬ ಎರಡು ರೋಮನ್ ಅಕ್ಷರಗಳ ಕೂಡಿಕೆ. ಮೊದಲನೆಯದು ಚಿತ್ತದಲ್ಲಿ ಮುಂದೆ ನಿಂತ ಪ್ರತೀತಿ ಅಥವಾ ಭಾವನೆ. ಎರಡನೆಯದು ಅದಕ್ಕೆ ಅಂಟಿದ ರಾಗ. ನ್ಯೂಟನ್ನನ ಚಲನಸೂತ್ರಗಳಲ್ಲಿ ಪ್ರತೀತಿಯುಂಟು, ರಾಗವಿಲ್ಲ. ಕಾರಣವೇ ತೋರದ ಭಯದಲ್ಲಿ ರಾಗವುಂಟು, ಪ್ರತೀತಿಯಿಲ್ಲ. ಹೂವು ನಕ್ಷತ್ರ ಮೊದಲಾದುವುಗಳಲ್ಲಿ ಎರಡೂ ಉಂಟಾದುದರಿಂದ ಅವು ಕಾವ್ಯಕ್ಕೆ ವಿಷಯವಾಗುವುವು. ಇದನ್ನು ಓದಿದೊಡನೆ ವಿಭಾವ ಸ್ಥಾಯಿಭಾವಗಳು ನೆನಪಿಗೆ ಬರುವುದು ಸಹಜ. ಆದರೆ ಸಾಮ್ಯವನ್ನು ಹೆಚ್ಚಾಗಿ ಎಳೆಯಬಾರದು. ನಮ್ಮ ಆಲಂಕಾರಿಕರು ಭಾವವು ಸಾಧಾರಣೀಕೃತವಾಗಿ ಸಹೃದಯರೆಲ್ಲರಿಗೂ ಸಮಾನವಾಗುವುದೆಂಬಲ್ಲಿ ನಿಂತರು; ಸೋಸೆಕಿಯು ಪ್ರತೀತಿಯೂ ರಾಗವೂ ಕಾಲದಿಂದ ಕಾಲಕ್ಕೆ, ಜನಾಂಗದಿಂದ ಜನಾಂಗಕ್ಕೆ ಬೇರೆಯಾಗುವುವೆಂಬಲ್ಲಿಂದ ಹೊರಟನು. ಪರದೇಶೀಯನ ಆಸ್ವಾದವು ಸ್ವದೇಶೀಯನದಕ್ಕಿಂತ ಬೇರೆಯಾದರೆ ಅದು ಅಜ್ಞಾನವೇ ಆಗಬೇಕಾಗಿಲ್ಲವೆಂಬುದು ಇದರಿಂದ ಆತನಿಗೆ ದೊರೆತ ಲಾಭ. ಭೇದಕ್ಕೆ ಕಾರಣವನ್ನು ನಿರೂಪಿಸಬೇಕಾದುದು ಮಾತ್ರ ಅವಶ್ಯಕ.

ಆದರೂ ಇಂಗ್ಲಿಷ್ ಕಾವ್ಯವು ತನಗೆ ಒಲಿಯಲಿಲ್ಲವೆಂಬ ಆತನ ಮಾತನ್ನು ಅಕ್ಷರಶಃ ನಂಬುವಂತಿಲ್ಲ. ಸ್ಟರ್ನನ ‘ಟ್ರಿಸ್ಟ್ರಮ್ ಶ್ಯಾಂಡಿ’ಯನ್ನು ಕುರಿತು ೧೮೯೭ರಷ್ಟು ಮುಂಚೆಯೇ ಪ್ರಬಂಧವನ್ನು ಬರೆದವನು, ಜೇನ್ ಆಸ್ಟೆನ್ನಳ ಸರಳವಾದ ವಾಸ್ತವಚಿತ್ರಣವನ್ನು ಅದೇ ಸಿದ್ಧಾಂತಗ್ರಂಥದಲ್ಲಿ ಮನಸಾರ ಹೊಗಳಿದವನು ಈತನೇ. ಗದ್ಯವು ಒಲಿದು ಪದ್ಯವು ಒಲಿಯಲಿಲ್ಲವೆನ್ನುವುದು ಸತ್ಯಕ್ಕೆ ಹೆಚ್ಚು ಸಮೀಪವಾಗಬಹುದು.

೧೯೦೩ರ ಜನವರಿಯಲ್ಲಿ ಸ್ವದೇಶಕ್ಕೆ ಮರಳಿದ ಸೋಸೆಕಿಯನ್ನು ತೋಕಿಯೋ ವಿಶ್ವವಿದ್ಯಾನಿಲಯದಲ್ಲಿ ಲಾಫ್ಕಾಡಿಯೋ ಹರ್ನನ ಸ್ಥಾನಕ್ಕೆ ನಿಯಮಿಸಿದರು. ಹರ್ನನ ರಸವತ್ತಾದ ವಾಗ್ವೈಖರಿಗೆ ಮನಸೋತಿದ್ದ ವಿದ್ಯಾರ್ಥಿಗಳಿಗೆ ಈ ಸೂತ್ರಗಳು ಮೊದಮೊದಲು ರುಚಿಸಲಿಲ್ಲ. ೧೯೦೭ರಲ್ಲಿ ಅಧ್ಯಾಪಕವೃತ್ತಿಯನ್ನು ಬಿಟ್ಟು ‘ಅಸಾಹಿ’ ಪತ್ರಿಕೆಯನ್ನು ಸೇರಿದ ಆತನು ಕೊನೆಯವರೆಗೂ ಕಾದಂಬರಿಗಳನ್ನೇ ಬರೆದನು. ಲಂಡನ್ನಿನಲ್ಲಿ ಹತ್ತು ವರ್ಷಗಳ ಕೆಲಸವೆಂದು ಸಂಕಲ್ಪಿಸಿದ್ದ ಶಾಸ್ತ್ರಗ್ರಂಥವು ಪೂರ್ಣವಾಗಲಿಲ್ಲ. ಕ್ರೇಗ್ ಅವರು ೧೯೦೬ರಲ್ಲಿ ನಿಧನರಾದರು. ೧೯೦೯ರಲ್ಲಿ ಬರೆದ ಚಿಕ್ಕ ಚಿತ್ರವೊಂದರಲ್ಲಿ ಸೋಸೆಕಿಯು ಗುರುಗಳ ಮರಣವಾರ್ತೆಯನ್ನು ಪತ್ರಿಕೆಯಲ್ಲಿ ಓದಿದುದನ್ನು ಹೇಳಿ, ಆ ನೀಲಿ ಪುಸ್ತಕಗಳ ಕೋಶವು ಮುಗಿಯದೆಯೇ ರದ್ದಿಯ ಕಾಗದವಾಗಿ ಹೋಯಿತೋ ಏನೋ ಎಂದು ಯೋಚಿಸಿರುವನು.