ಫಿಜಿಯ ಹೊಸ್ತಿಲು ದಾಟುವ ಮುನ್ನ

‘ಫಿಜಿಗೆ ವೀಸಾ ಬೇಡವಂತೆ’ ಎಂದು ಕೇಳಿದೊಡನೆ ಅರ್ಧ ಪ್ರಯಾಣ ಮುಗಿದಷ್ಟು ನಿರಾಳವಾಗುವವರು ಬಹಳ ಮಂದಿ. ಮಾತೇನೋ ನಿಜ. ಭಾರತದ ಪಾಸ್‌ಪೋರ್ಟ್ ಇದ್ದವರು ಮೊದಲೇ ಅರ್ಜಿ ಹಾಕಬೇಕಿಲ್ಲ. ನಾಂದಿ ವಿಮಾನ ನಿಲ್ದಾಣದಲ್ಲಿ ಇಳಿದ ಮೇಲೆ 4 ತಿಂಗಳವರೆಗಿನ ಸಂದರ್ಶಕ ಪರವಾನಗಿ ಕೊಡುತ್ತಾರೆ. ಆದರೆ ಅದು ಸಿಗಬೇಕಾದರೆ ಪಾಸ್‌ಪೋರ್ಟಿನ ಅವಧಿ ಇನ್ನೂ 6 ತಿಂಗಳು ಉಳಿದಿರಬೇಕು, ವಾಪಸ್ ಬರುವ ಅಥವಾ ಮುಂದಿನ ದೇಶಕ್ಕೆ ಹೋಗುವ ಟಿಕೆಟ್ ಕೈಯಲ್ಲಿರಬೇಕು, ಎಲ್ಲಿ ತಂಗುತ್ತೀರಿ, ಖರ್ಚಿಗೆ ಹಣವೆಲ್ಲಿದೆ ಎಂದು ಕೇಳಿದರೆ ತೋರಿಸಲು ಕಾಗದವಿರಬೇಕು. ಇಂಥ ನಿಯಮಗಳು ಆಗಾಗ ಬದಲಾಗುತ್ತವೆ. ಟಿಕೆಟ್ ಮಾಡಿಸುವ ಮುನ್ನ ಫಿಜಿ ವಲಸೆ ಇಲಾಖೆಯ ಪ್ರಕಟಣೆಯನ್ನೋ ದೆಹಲಿಯಲ್ಲಿರುವ ಫಿಜಿ ಹೈಕಮಿಷನ್ನನ್ನೋ ಒಮ್ಮೆ ವಿಚಾರಿಸಿಕೊಳ್ಳಿ. ಸ್ನೇಹಿತರ ವಾಟ್ಸ್‌ಆ್ಯಪ್ ಸಂದೇಶವನ್ನೇ ನಂಬಿ ಹೊರಡಬೇಡಿ.

ನಮ್ಮವರು ಸಿಕ್ಕಿಬೀಳುವುದು ಫಿಜಿಯಲ್ಲಲ್ಲ, ದಾರಿಯಲ್ಲಿ. ಸಿಡ್ನಿ ಅಥವಾ ಆಕ್ಲೆಂಡ್ ಮೂಲಕ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಮಾಡಿಸಿಬಿಟ್ಟರೆ, ವಿಮಾನ ಬದಲಿಸಲು ಕೆಲವೇ ಗಂಟೆ ನಿಲ್ಲುವುದಕ್ಕೂ ಭಾರತೀಯರು ಆಸ್ಟ್ರೇಲಿಯಾದ ಅಥವಾ ನ್ಯೂಜಿಲೆಂಡ್‌ನ ಟ್ರಾನ್ಸಿಟ್ ವೀಸಾ ತೆಗೆದುಕೊಂಡಿರಬೇಕು. ಅದಿಲ್ಲದವರನ್ನು ಬೆಂಗಳೂರಿನ ಚೆಕ್‌-ಇನ್ ಕೌಂಟರಿನಲ್ಲೇ ತಡೆಯುತ್ತಾರೆ. ಸಿಂಗಪುರದಿಂದ ನಾಂದಿಗೆ ನೇರ ವಿಮಾನವಿದೆ. ಅಲ್ಲಿ ವಲಸೆ ಕೌಂಟರ್ ದಾಟದೆ ಒಳಗಿಂದೊಳಗೇ ವಿಮಾನ ಬದಲಿಸಿದರೆ ಈ ತಾಪತ್ರಯವಿಲ್ಲ. ಆದರೆ ಎರಡೂ ಹಾರಾಟಗಳು ಒಂದೇ ಟಿಕೆಟ್ಟಿನಲ್ಲಿರಲಿ. ಬೇರೆ ಬೇರೆ ಟಿಕೆಟ್ಟಾದರೆ ಸಾಮಾನು ಬಿಡಿಸಿಕೊಳ್ಳಲು ಹೊರಗೆ ಬರಬೇಕಾಗಬಹುದು, ಆಗ ಸಿಂಗಪುರದ ವೀಸಾ ಬೇಕಾದೀತು.

ಇಷ್ಟು ಕಾಗದಪತ್ರದ ಮಾತು. ಫಿಜಿಯ ಬಾಗಿಲಲ್ಲಿ ಇದಕ್ಕಿಂತ ಗಂಭೀರವಾದ ವಿಚಾರಣೆ ಇನ್ನೆರಡಿವೆ: ನಿಮ್ಮ ಮೈಯಲ್ಲಿ ಯಾವ ರೋಗವಿದೆ, ನಿಮ್ಮ ಚೀಲದಲ್ಲಿ ಯಾವ ಜೀವವಿದೆ. ಇದನ್ನು ಕಾಟಾಚಾರದ ತಪಾಸಣೆ ಎಂದುಕೊಳ್ಳುವ ಪ್ರವಾಸಿಗರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಆ ಪ್ರಶ್ನೆಗಳ ಹಿಂದೆ ಎಷ್ಟು ಸಾವುಗಳಿವೆ ಎಂದು ತಿಳಿದವರು ಹಾಗೆ ಎಣಿಸಲಾರರು.

1874ರ ಅಕ್ಟೋಬರ್ 10ರಂದು ಫಿಜಿ ಬ್ರಿಟಿಷರ ವಸಾಹತಾಯಿತು. ಆ ಒಪ್ಪಂದಕ್ಕೆ ಸಹಿ ಹಾಕಿದವರಲ್ಲಿ ಮುಖ್ಯನಾದ ರಾಜ ಥಾಕೊಂಬಾವ್ ತನ್ನ ಮಕ್ಕಳೊಂದಿಗೆ ಸಿಡ್ನಿಗೆ ಹೋಗಿ, 1875ರ ಜನವರಿಯಲ್ಲಿ ‘ಡೈಡೊ’ ಎಂಬ ಯುದ್ಧನೌಕೆಯಲ್ಲಿ ಆಗಿನ ರಾಜಧಾನಿ ಲೆವುಕಾಕ್ಕೆ ಮರಳಿದ. ಸಿಡ್ನಿಯಲ್ಲಿ ಅವನಿಗೆ ದಡಾರ ತಗಲಿತ್ತು. ಹಡಗಿನಲ್ಲಿ ಅವನ ಮಗನಿಗೂ ಬಂದಿತ್ತು. ಆದರೂ ಹಡಗನ್ನು ದೂರ ನಿಲ್ಲಿಸಲಿಲ್ಲ, ಇಳಿದವರನ್ನು ಪ್ರತ್ಯೇಕವಾಗಿ ಇರಿಸಲಿಲ್ಲ. ರಾಜನನ್ನು ಕಾಣಲು ದ್ವೀಪದ್ವೀಪಗಳಿಂದ ಮುಖಂಡರು ಬಂದರು, ಹೊಸ ಆಡಳಿತದವರೊಂದಿಗೆ ಸಭೆ ಕೂಡಿದರು, ಆಮೇಲೆ ದೋಣಿ ಹತ್ತಿ ತಮ್ಮ ತಮ್ಮ ಊರುಗಳಿಗೆ ಹೋದರು. ರೋಗವೂ ಅವರೊಂದಿಗೆ ಹೋಯಿತು.

ಅದುವರೆಗೆ ದಡಾರವನ್ನೇ ಕಾಣದ ಜನ ಅವರು. ನಮ್ಮಲ್ಲಿ ಅಮ್ಮ ಬಂದರೆ ಮಗು ಮಲಗುತ್ತದೆ, ಮನೆಯ ಹಿರಿಯರು ಆರೈಕೆ ಮಾಡುತ್ತಾರೆ. ಅಲ್ಲಿ ಅಜ್ಜ, ಅಪ್ಪ, ತಾಯಿ, ಕೂಸು ಎಲ್ಲರೂ ಒಟ್ಟಿಗೇ ಹಾಸಿಗೆ ಹಿಡಿದರು. ನೀರು ತಂದುಕೊಡುವವರಿಲ್ಲ, ಗೆಡ್ಡೆ ಬೇಯಿಸುವವರಿಲ್ಲ. ಜ್ವರದ ತಾಪ ತಾಳಲಾರದೆ ಹೊಳೆಗಿಳಿದವರು ಕಫ ಕಟ್ಟಿ ಸತ್ತರು, ಉಳಿದವರಲ್ಲಿ ಎಷ್ಟೋ ಮಂದಿಯನ್ನು ಭೇದಿ ಕೊಂದಿತು. ಒಂದೂವರೆ ಲಕ್ಷದಷ್ಟಿದ್ದ ಜನರಲ್ಲಿ ಸುಮಾರು 40,000 ಮಂದಿ ಕೆಲವೇ ತಿಂಗಳಲ್ಲಿ ಇಲ್ಲವಾದರೆಂಬುದು ಆ ಕಾಲದ ಅಂದಾಜು. ನಾಲ್ವರಲ್ಲಿ ಒಬ್ಬರಿಗಿಂತ ಹೆಚ್ಚು.

ಭಾರತಕ್ಕೂ ಫಿಜಿಗೂ ಬಿದ್ದ ಗಂಟಿನ ಒಂದು ಎಳೆ ಇಲ್ಲೇ ಇದೆ. ಆ ವರ್ಷವೇ ಗವರ್ನರ್ ಆಗಿ ಬಂದ ಆರ್ಥರ್ ಗಾರ್ಡನ್, ಇಷ್ಟು ಸೊರಗಿದ ಮೂಲನಿವಾಸಿಗಳನ್ನು ತೋಟಗಳಲ್ಲಿ ದುಡಿಸಬಾರದೆಂದು ನಿರ್ಧರಿಸಿ, ಕೂಲಿಗೆ ಭಾರತದತ್ತ ನೋಡಿದ. ಕಲ್ಕತ್ತಾದಿಂದ ಹೊರಟ ಮೊದಲ ಗಿರ್ಮಿಟ್ (ಕರಾರು ಕೂಲಿ) ಹಡಗು ‘ಲಿಯೊನಿಡಾಸ್’ 1879ರ ಮೇ 14ರಂದು ಲೆವುಕಾ ತಲುಪಿದಾಗ ಅದರಲ್ಲಿ 463 ಮಂದಿ ಇದ್ದರು. ದಾರಿಯಲ್ಲಿ ಕಾಲರಾ, ಸಿಡುಬು ಕಾಣಿಸಿಕೊಂಡು ಜನ ಸತ್ತಿದ್ದರು. ದಡಾರದ ಗಾಯ ಇನ್ನೂ ಹಸಿಯಾಗಿತ್ತು. ಈ ಸಲ ಅಧಿಕಾರಿಗಳು ಯಾರನ್ನೂ ಊರೊಳಗೆ ಬಿಡಲಿಲ್ಲ. ಲೆವುಕಾದ ಎದುರಿಗಿದ್ದ ಯನುಥಾ ಲೈಲೈ ಎಂಬ ಪುಟ್ಟ ದ್ವೀಪದಲ್ಲಿ ವಾರಗಟ್ಟಲೆ ಇರಿಸಿದರು. ಮುಂದೆ ಬಂದ ಹಡಗುಗಳ ಜನರನ್ನು ಇಂದಿನ ರಾಜಧಾನಿ ಸುವಾದ ಹತ್ತಿರದ ನುಕುಲಾವ್ ದ್ವೀಪದಲ್ಲಿ ಇಳಿಸಿ ತಪಾಸಣೆ ಮಾಡುತ್ತಿದ್ದರು. 1916ರವರೆಗೆ ಹಾಗೆ ಬಂದವರು 60,000ಕ್ಕೂ ಹೆಚ್ಚು. 1903ರಿಂದ ಮದರಾಸಿನ ಬಂದರಿನಿಂದಲೂ ಹಡಗುಗಳು ಹೊರಟವು. ಇಂದು ನಾಂದಿಯ ಪೇಟೆಬೀದಿಯ ತುದಿಯಲ್ಲಿ ಬಣ್ಣದ ಗೋಪುರ ಹೊತ್ತು ನಿಂತಿರುವ ಸುಬ್ರಹ್ಮಣ್ಯ ದೇವಸ್ಥಾನ ಆ ದಕ್ಷಿಣದವರ ಪರಂಪರೆ. ಅಲ್ಲಿ ಕೈಮುಗಿಯುವ ನಮ್ಮ ಪ್ರವಾಸಿಗರು ಒಂದು ಕ್ಷಣ ಯನುಥಾ ಲೈಲೈಯಲ್ಲಿ ಕಾದು ಕೂತವರನ್ನೂ ನೆನೆಯಲಿ ಎಂಬುದು ನನ್ನ ಆಸೆ.

ಬಾಗಿಲು ಹಾಕಿದರೆ ಏನಾಗುತ್ತದೆ, ಹಾಕದಿದ್ದರೆ ಏನಾಗುತ್ತದೆ ಎಂಬುದಕ್ಕೆ ನೆರೆಯ ಸಮೋವಾದಷ್ಟು ಸ್ಪಷ್ಟ ಸಾಕ್ಷಿ ಇನ್ನೊಂದಿಲ್ಲ. 1918ರ ನವೆಂಬರ್ 7ರಂದು ಆಕ್ಲೆಂಡ್‌ನಿಂದ ಬಂದ ‘ಟಾಲೂನ್’ ಹಡಗನ್ನು ಅಪಿಯಾ ಬಂದರಿನಲ್ಲಿ ತಡೆಯಲಿಲ್ಲ. ಅದರಲ್ಲಿ ಇನ್‌ಫ್ಲುಯೆಂಜಾ ಇತ್ತು. ನ್ಯೂಜಿಲೆಂಡ್ ಆಡಳಿತದಲ್ಲಿದ್ದ ಪಶ್ಚಿಮ ಸಮೋವಾದಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಜನ ಸತ್ತರು. ಪಕ್ಕದಲ್ಲೇ ಇರುವ ಅಮೆರಿಕನ್ ಸಮೋವಾದಲ್ಲಿ ಗವರ್ನರ್ ಜಾನ್ ಪೊಯರ್ ಹಡಗುಗಳಿಗೆ ಕಟ್ಟುನಿಟ್ಟಿನ ತಡೆ ಹಾಕಿದ. ಅಲ್ಲಿ ಆ ರೋಗಕ್ಕೆ ಒಬ್ಬರೂ ಬಲಿಯಾಗಲಿಲ್ಲ. ‘ಟಾಲೂನ್’ ಅನ್ನು ತಡೆಯದ ನಿರ್ಲಕ್ಷ್ಯಕ್ಕಾಗಿ ನ್ಯೂಜಿಲೆಂಡ್ ಪ್ರಧಾನಿ ಹೆಲೆನ್ ಕ್ಲಾರ್ಕ್ 2002ರಲ್ಲಿ ಸಮೋವಾದ ಜನರ ಕ್ಷಮೆ ಕೇಳಿದರು.

ಇದು ಹಳೆಯ ಕಥೆ ಎನ್ನುವ ಹಾಗಿಲ್ಲ. 2019ರಲ್ಲಿ ಅದೇ ಸಮೋವಾಕ್ಕೆ ದಡಾರ ಬಂತು. ಅದರ ಹಿಂದಿನ ವರ್ಷ ಲಸಿಕೆ ಬೆರೆಸುವಾಗ ದಾದಿಯರಿಂದಾದ ತಪ್ಪಿನಿಂದ ಎರಡು ಹಸುಳೆಗಳು ಸತ್ತು, ಜನ ಲಸಿಕೆಗೇ ಹೆದರಿದ್ದರು. 2 ಲಕ್ಷ ಜನಸಂಖ್ಯೆಯ ಆ ದೇಶದಲ್ಲಿ 83 ಮಂದಿ ತೀರಿಕೊಂಡರು, ಹೆಚ್ಚಿನವರು 5 ವರ್ಷದೊಳಗಿನ ಮಕ್ಕಳು. ಡಿಸೆಂಬರಿನಲ್ಲಿ ಸರ್ಕಾರ ಎರಡು ದಿನ ಇಡೀ ದೇಶವನ್ನೇ ನಿಲ್ಲಿಸಿತು. ಲಸಿಕೆ ಆಗದವರಿರುವ ಮನೆಯವರು ಬಾಗಿಲಿಗೆ ಕೆಂಪು ಬಟ್ಟೆ ಕಟ್ಟಬೇಕಿತ್ತು, ಆರೋಗ್ಯ ಸಿಬ್ಬಂದಿ ಬೀದಿಬೀದಿ ಸುತ್ತಿ ಆ ಗುರುತು ಕಂಡಲ್ಲೆಲ್ಲ ಚುಚ್ಚುಮದ್ದು ಹಾಕಿದರು.

ಆದ್ದರಿಂದ ಶಾಂತಸಾಗರದ ಯಾವ ದ್ವೀಪಕ್ಕೆ ಹೊರಟರೂ ದಡಾರದ ಲಸಿಕೆ ಎರಡೂ ಡೋಸ್ ಆಗಿದೆಯೇ ಎಂದು ನೋಡಿಕೊಳ್ಳಿ. ಯಾರೂ ಕೇಳದಿದ್ದರೂ ನೋಡಿಕೊಳ್ಳಿ, ಇದು ನಿಮಗಾಗಿ ಮಾತ್ರವಲ್ಲ. ಫಿಜಿ ಪ್ರಮಾಣಪತ್ರವನ್ನೇ ಕೇಳುವುದು ಹಳದಿ ಜ್ವರದ ಲಸಿಕೆಗೆ, ಅದೂ ಆ ರೋಗವಿರುವ ಆಫ್ರಿಕಾ ಅಥವಾ ದಕ್ಷಿಣ ಅಮೆರಿಕದ ದೇಶಗಳಿಂದ ಬರುವವರಿಗೆ. ಭಾರತದಲ್ಲಿ ಹಳದಿ ಜ್ವರವಿಲ್ಲ. ಆದರೆ ಕೀನ್ಯಾದ ಸಫಾರಿ ಮುಗಿಸಿ ಹಾಗೇ ಹೊರಟವರಿಗೆ ಪ್ರಶ್ನೆ ಎದುರಾಗುತ್ತದೆ. ಚುಚ್ಚುಮದ್ದು ಹಾಕಿಸಿಕೊಂಡು 10 ದಿನ ಕಳೆದ ಮೇಲೆಯೇ ಆ ಪತ್ರಕ್ಕೆ ಬೆಲೆ. ಒಮ್ಮೆ ಹಾಕಿಸಿಕೊಂಡರೆ ಈಗ ಜೀವನಪೂರ್ತಿ ಸಾಕು. ಫಿಜಿಯಲ್ಲಿ ಮಲೇರಿಯಾ ಇಲ್ಲ. ಅದನ್ನು ಹರಡುವ ಅನಾಫಿಲಿಸ್ ಸೊಳ್ಳೆ ಪಶ್ಚಿಮದ ವನುವಾಟುವರೆಗೆ ಬಂದು ಅಲ್ಲೇ ನಿಂತಿದೆ. ಅದು ಮುಂದೆ ಬರಬಾರದೆಂದೇ ಬರುವ ವಿಮಾನಗಳೊಳಗೆ ಕೀಟನಾಶಕ ಸಿಂಪಡಿಸುತ್ತಾರೆ. ಗಗನಸಖಿ ಡಬ್ಬಿ ಎತ್ತಿ ಹಿಡಿದು ಸಾಲುಗಳ ನಡುವೆ ಸಾಗುವಾಗ ಮುಖ ಸಿಂಡರಿಸುವ ಬದಲು ಎರಡು ನಿಮಿಷ ಕಣ್ಣು ಮುಚ್ಚಿ ಕೂತರಾಯಿತು. ಡೆಂಗಿ, ಟೈಫಾಯಿಡ್, ಇಲಿ ಜ್ವರ ಅಲ್ಲಿ ಇವೆ. ನವೆಂಬರ್‌ನಿಂದ ಏಪ್ರಿಲ್‌ವರೆಗಿನ ಚಂಡಮಾರುತದ ಕಾಲದಲ್ಲಿ, ನೆರೆಯ ಹಿಂದೆಯೇ ಇಲಿ ಜ್ವರ ಏರುತ್ತದೆ. ಕಾಲಲ್ಲಿ ಗಾಯವಿದ್ದರೆ ಕೆಸರು ನೀರಿಗೆ ಇಳಿಯಬೇಡಿ. ನಿತ್ಯದ ಮಾತ್ರೆಗಳನ್ನು ಅಂಗಡಿಯ ಸ್ಟ್ರಿಪ್ಪಿನಲ್ಲೇ, ವೈದ್ಯರ ಚೀಟಿಯೊಂದಿಗೆ ಒಯ್ಯಿರಿ. ಬಿಡಿಸಿ ಡಬ್ಬಿಗೆ ತುಂಬಿದ ಗುಳಿಗೆ ಏನೆಂದು ಅಧಿಕಾರಿಗೆ ತಿಳಿಯುವುದು ಹೇಗೆ? ದೂರದ ದ್ವೀಪದಲ್ಲಿ ಏನಾದರೂ ಆದರೆ ಹೆಲಿಕಾಪ್ಟರೇ ಬೇಕಾದೀತು, ಹಾಗಾಗಿ ಅಂಥ ಸಾಗಾಟವನ್ನೂ ಒಳಗೊಂಡ ವಿಮೆ ಇರಲಿ.

ಇನ್ನು ಚೀಲದ ಮಾತು. ನಮ್ಮ ಸೂಟ್‌ಕೇಸಿನಲ್ಲಿ ಏನಿರುತ್ತದೆ ಎಂದು ಎಲ್ಲರಿಗೂ ಗೊತ್ತು: ಮಿಡಿ ಉಪ್ಪಿನಕಾಯಿ, ಚಟ್ನಿಪುಡಿ, ಹುಣಸೆಹಣ್ಣು, ತುಪ್ಪ, ಒಂದು ಬಾಟಲಿ ಜೇನು, ಅಲ್ಲಿರುವ ನೆಂಟರಿಗೆಂದು ಅವರೆ ಬೀಜ, ಕರಿಬೇವಿನ ಕಡ್ಡಿ. ಜೈವಿಕ ಭದ್ರತಾ ಪ್ರಾಧಿಕಾರದ ಅಧಿಕಾರಿ ಮೇಜಿನ ಮೇಲೆ ಇವನ್ನು ಒಂದೊಂದಾಗಿ ಎತ್ತಿ ನೋಡುವಾಗ ಅವರ ಲೆಕ್ಕವೇ ಬೇರೆ. ಹುರಿದು ಕುಟ್ಟಿದ ಸಾರಿನಪುಡಿ ಮೊಳೆಯುವುದಿಲ್ಲ. ಅವರೆ ಬೀಜ ಮೊಳೆಯುತ್ತದೆ, ಅದರೊಳಗೆ ಹುಳುವೂ ಇರಬಹುದು. ಕರಿಬೇವಿನ ಎಲೆಯಡಿ ಕೀಟದ ಮೊಟ್ಟೆ ಅಂಟಿರಬಹುದು. ಜೇನಿನಲ್ಲಿ ಜೇನ್ನೊಣಗಳ ರೋಗಾಣು ಇರಬಹುದು. ಹಾಲಿನ, ಮಾಂಸದ ಪದಾರ್ಥಗಳ ಮೂಲಕ ದನಕರುಗಳ ಕಾಯಿಲೆ ದಾಟಬಹುದು. ಗದ್ದೆಯಲ್ಲಿ ಓಡಾಡಿದ ಬೂಟಿನ ಮಣ್ಣನ್ನೂ ಕೆರೆದು ನೋಡುತ್ತಾರೆ. ಕಂಪನಿಯ ಸೀಲ್ ಇರುವ ಪೊಟ್ಟಣಗಳಿಗೆ ಸಾಮಾನ್ಯವಾಗಿ ಅಡ್ಡಿಯಿಲ್ಲ, ಕೊನೆಯ ತೀರ್ಮಾನ ಮಾತ್ರ ಆ ಮೇಜಿನದು. ತಿನ್ನುವುದಾಗಲಿ, ಗಿಡದ್ದಾಗಲಿ, ಮರದ್ದಾಗಲಿ, ಪೂಜೆಗೆಂದು ತಂದ ದರ್ಭೆ, ಒಣಹೂವಿನ ಮಾಲೆಯಾಗಲಿ, ಬಂದಿಳಿಯುವಾಗ ತುಂಬುವ ಘೋಷಣೆಯ ಚೀಟಿಯಲ್ಲಿ ‘ಹೌದು’ ಎಂದೇ ಗುರುತು ಹಾಕಿ. ಹೇಳಿ ತೋರಿಸಿದರೆ ಹೆಚ್ಚೆಂದರೆ ವಸ್ತು ಹೋಗುತ್ತದೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದಂಡ ಕಟ್ಟಬೇಕು. ಕಸ್ಟಮ್ಸ್‌ನವರ ನಿಯಮವೊಂದನ್ನೂ ನೆನಪಿಡಬೇಕು: 10,000 ಫಿಜಿ ಡಾಲರ್ ಅಥವಾ ಅದಕ್ಕೆ ಸಮನಾದ ನಗದು ಕೈಯಲ್ಲಿದ್ದರೆ ಘೋಷಿಸಲೇಬೇಕು.

ಒಂದು ಹುಳು ಏನು ಮಾಡೀತು ಎನ್ನುವವರು ನಮ್ಮ ತೆಂಗು ಬೆಳೆಗಾರರನ್ನು ಕೇಳಲಿ. ಸುಳಿ ಕೊರೆದು ಎಲೆಯನ್ನು ಕತ್ತರಿಯಲ್ಲಿ ಕತ್ತರಿಸಿದಂತೆ ಮಾಡುವ ಕುರುವಾಯಿ ದುಂಬಿ ತಿಪಟೂರಿನಲ್ಲೂ ಗೊತ್ತು, ಉಡುಪಿಯಲ್ಲೂ ಗೊತ್ತು. ಶಾಂತಸಾಗರದ ದ್ವೀಪಗಳಲ್ಲಿ ಅದು ಇರಲೇ ಇಲ್ಲ. 1909ರಲ್ಲಿ ಸಿಲೋನಿನಿಂದ ಸಮೋವಾಕ್ಕೆ ಸಾಗಿಸಿದ ರಬ್ಬರ್ ಸಸಿಗಳ ಜೊತೆ ಹೋಯಿತು, 1953ರಲ್ಲಿ ಫಿಜಿಗೂ ಹಬ್ಬಿತು. ತೆಂಗೇ ಊಟ, ತೆಂಗೇ ಸೂರು, ತೆಂಗೇ ಕಾಸು ಆಗಿರುವ ಜನರಿಗೆ ಅದೆಂಥ ಹೊಡೆತವೆಂದು ನಮಗಿಂತ ಚೆನ್ನಾಗಿ ಬಲ್ಲವರು ಯಾರು? ಕಡೆಗೆ ಆ ದುಂಬಿಯನ್ನೇ ಕಾಡುವ ಒಂದು ವೈರಾಣುವನ್ನು ಮಲೇಷ್ಯಾದಲ್ಲಿ ಪತ್ತೆಹಚ್ಚಿ, 1960ರ ದಶಕದಲ್ಲಿ ಮೊದಲು ಸಮೋವಾದಲ್ಲಿ, ಆಮೇಲೆ ಉಳಿದೆಡೆ ಬಿಟ್ಟು ಹತೋಟಿಗೆ ತಂದರು. ಈಗ ಆ ವೈರಾಣುವಿಗೂ ಬಗ್ಗದ ತಳಿಯೊಂದು 2007ರಲ್ಲಿ ಗುವಾಮ್‌ನಲ್ಲಿ ಕಾಣಿಸಿಕೊಂಡು, ಸಾಲಮನ್ ದ್ವೀಪಗಳನ್ನೂ ಮುಟ್ಟಿದೆ. ಫಿಜಿಯ ಅಧಿಕಾರಿಗಳು ಚೀಲ ಕೆದಕುವಾಗ ಅವರ ಮನಸ್ಸಿನಲ್ಲಿರುವುದು ಇಂಥ ಭಯ. ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು 1883ರಲ್ಲಿ ತರಿಸಿದ ಭಾರತದ ಮುಂಗುಸಿ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿಗಳಿಗೂ ಕುತ್ತಾಯಿತು. ತಂದವರು ಒಳ್ಳೆಯದಾಗಲೆಂದೇ ತಂದಿದ್ದರು.

ನಿಲ್ದಾಣದಿಂದ ಹೊರಬಂದ ಮೇಲೆ ಇನ್ನೊಂದು ಪ್ರವೇಶವಿದೆ. ಇದು ಯಾವ ಸರ್ಕಾರಿ ಅರ್ಜಿಯಲ್ಲೂ ಇಲ್ಲ, ಆದರೂ ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡದು. ಮೂಲನಿವಾಸಿಗಳ ಹಳ್ಳಿಗೆ ಹೋಗುವವರು ಮೊದಲು ಊರಿನ ಯಜಮಾನರಿಗೆ ಯಂಗೋನಾ ಬೇರಿನ ಕಟ್ಟು ಒಪ್ಪಿಸಬೇಕು. ಇದಕ್ಕೆ ಸೇವುಸೇವು ಎಂದು ಹೆಸರು. ಪೇಟೆಯ ಮಾರುಕಟ್ಟೆಯಲ್ಲಿ ಆ ಬೇರನ್ನು ಕಟ್ಟುಕಟ್ಟಾಗಿ ಮಾರುತ್ತಾರೆ, ಅರ್ಧ ಕಿಲೋ ಸಾಕು. ಟೋಪಿ, ತಂಪು ಕನ್ನಡಕ ತೆಗೆದು, ಭುಜ ಮೊಣಕಾಲು ಮುಚ್ಚುವ ಬಟ್ಟೆ ತೊಟ್ಟು, ಚಪ್ಪಲಿ ಹೊರಗೆ ಬಿಟ್ಟು, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು. ಕಟ್ಟನ್ನು ಮುಂದಿಡುತ್ತೀರಿ. ಹಿರಿಯರೊಬ್ಬರು ಅದನ್ನು ಮುಟ್ಟಿ, ತಗ್ಗಿದ ದನಿಯಲ್ಲಿ ಊರಿನವರ ಪರವಾಗಿ ನುಡಿದು ಸ್ವೀಕರಿಸುತ್ತಾರೆ. ಬೇರನ್ನು ಕುಟ್ಟಿ ನೀರಿನಲ್ಲಿ ಕಿವುಚಿ, ತೆಂಗಿನ ಚಿಪ್ಪಿನಲ್ಲಿ ಕೊಡುತ್ತಾರೆ. ಅಂಗೈ ಗುಳಿ ಮಾಡಿ ಒಂದು ಸಲ ಚಪ್ಪಾಳೆ, ಒಂದೇ ಗುಕ್ಕಿಗೆ ಕುಡಿತ, ಮತ್ತೆ ಮೂರು ಚಪ್ಪಾಳೆ. ಮಣ್ಣಿನ ಬಣ್ಣದ, ಕಹಿ ಒಗರಿನ ಆ ನೀರು ನಾಲಿಗೆಯನ್ನು ಸ್ವಲ್ಪ ಹೊತ್ತು ಮರಗಟ್ಟಿಸುತ್ತದೆ. ಇಷ್ಟಾದ ಮೇಲೆ ನೀವು ಆ ಊರಿನ ಅತಿಥಿ, ನಿಮ್ಮ ಕ್ಷೇಮ ಅವರ ಹೊಣೆ. ಅಲ್ಲಿ ಯಾರ ತಲೆಯನ್ನೂ, ಮಕ್ಕಳ ತಲೆಯನ್ನೂ ಮುಟ್ಟಬೇಡಿ. ಭಾನುವಾರ ಚರ್ಚಿನ ದಿನ, ಆ ದಿನ ಕರೆಯದೆ ಹೋಗುವುದು ಸರಿಯಲ್ಲ.

ಹೊರಡುವಾಗಲೂ ಕಟ್ಟುಪಾಡುಗಳಿವೆ. ತಿಮಿಂಗಿಲದ ಹಲ್ಲಿನಿಂದ ಮಾಡಿದ ತಂಬುವಾ ಫಿಜಿಯನ್ನರಿಗೆ ಪೂಜ್ಯ ವಸ್ತು. ಮದುವೆ, ಸಾವು, ಕ್ಷಮೆ ಕೇಳುವ ಸಂದರ್ಭಗಳಲ್ಲಿ ಕೈಯಿಂದ ಕೈಗೆ ಕೊಡುವಂಥದ್ದು. ಅಳಿವಿನಂಚಿನ ಜೀವಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಪರವಾನಗಿ ಇಲ್ಲದೆ ಅದನ್ನು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಹವಳಕ್ಕೂ ದೈತ್ಯ ಕಪ್ಪೆಚಿಪ್ಪಿಗೂ ಅದೇ ಒಪ್ಪಂದ ಅನ್ವಯಿಸುತ್ತದೆ, ಬೆಂಗಳೂರಿನಲ್ಲಿ ಇಳಿದಾಗ ನಮ್ಮ ಕಸ್ಟಮ್ಸ್‌ನವರೂ ಕೇಳುತ್ತಾರೆ. ದಂಡೆಯಲ್ಲಿ ಬಿದ್ದಿದ್ದನ್ನು ಹೆಕ್ಕಿದ್ದೆಂದರೂ ಒಪ್ಪುವುದಿಲ್ಲ. ಒಯ್ಯಲೇಬೇಕೆಂದಿದ್ದರೆ ಹೆಂಗಸರು ಕೈಯಾರೆ ಹೆಣೆದ ಚಾಪೆ, ಬುಟ್ಟಿಗಳು ಸುವಾದ ಮಾರುಕಟ್ಟೆಯಲ್ಲಿ ಸಿಗುತ್ತವೆ. ಅವುಗಳನ್ನೂ ಇಲ್ಲಿ ಬಂದಿಳಿದಾಗ ತೋರಿಸಿಯೇ ಒಳಗೆ ತನ್ನಿ. ಒಣಗಿದ ಗರಿಯಲ್ಲಿ ಹುಳು ಬರುವುದು ಎರಡೂ ದಿಕ್ಕಿನಿಂದ.