ಕಿರಿದಾದ ಪೆಟ್ಟಿಗೆ, ಹಿರಿದಾದ ಕಾರ್ಡು

ಶರಣ ಬಂಧುಗಳ ಮನೆಗಳಲ್ಲಿ ಮಕ್ಕಳ ವ್ಯಾಸಂಗಕ್ಕೆಂದು ಗಣಕಯಂತ್ರವನ್ನು ಕೊಳ್ಳುವುದು ಇಂದು ಪಠ್ಯಪುಸ್ತಕವನ್ನು ಕೊಳ್ಳುವಷ್ಟೇ ಸಹಜವಾಗಿದೆ. ಹೊಸ ಯಂತ್ರವನ್ನು ಕೊಳ್ಳುವ ಅನುಕೂಲವಿಲ್ಲದ ಗೃಹಸ್ಥರು ಬೆಂಗಳೂರಿನ ಎಸ್.ಪಿ. ರಸ್ತೆಯಿಂದಲೋ ತಮ್ಮ ಊರಿನ ವ್ಯಾಪಾರಿಗಳಿಂದಲೋ, ದೊಡ್ಡ ಕಚೇರಿಗಳು ಕೆಲವು ವರ್ಷ ಬಳಸಿ ಮಾರಿದ ಪುಟ್ಟ ಗಣಕಗಳನ್ನು ತರುತ್ತಾರೆ. ಇದರಲ್ಲಿ ಕೀಳೆನಿಸುವಂಥದು ಏನೂ ಇಲ್ಲ. ಓದುವುದಕ್ಕೆ, ಬರೆಯುವುದಕ್ಕೆ, ಲೆಕ್ಕಪತ್ರ ಇಡುವುದಕ್ಕೆ, ಪಾಠಗಳನ್ನು ನೋಡುವುದಕ್ಕೆ ಈ ಯಂತ್ರಗಳು ಧಾರಾಳವಾಗಿ ಸಾಲುತ್ತವೆ.

ತೊಡಕು ಆರಂಭವಾಗುವುದು ಮಗನೋ ಮಗಳೋ ಪಿ.ಯು.ಸಿ. ಮುಗಿಸಿ ಎಂಜಿನಿಯರಿಂಗ್, ವಾಸ್ತುಶಿಲ್ಪ, ಅನಿಮೇಷನ್ ಮುಂತಾದ ವ್ಯಾಸಂಗಕ್ಕೆ ಸೇರಿದ ಮೇಲೆ. "ಅಪ್ಪಾಜಿ, ಇದಕ್ಕೊಂದು ಗ್ರಾಫಿಕ್ಸ್ ಕಾರ್ಡ್ ಹಾಕಿಸಬೇಕು" ಎಂಬ ಬೇಡಿಕೆ ಮುಂದೆ ಬರುತ್ತದೆ. ಹಲವು ಸಾವಿರ ರೂಪಾಯಿಗಳಿಂದ ಲಕ್ಷವನ್ನೂ ಮೀರಿದ ಬೆಲೆಯ ವಸ್ತುವಿದು. ಅದು ಏನು, ಏಕೆ ಬೇಕು, ಮನೆಯಲ್ಲಿರುವ ಪೆಟ್ಟಿಗೆಯಲ್ಲಿ ಹಿಡಿಯುವುದೇ ಎಂಬುದನ್ನು ತಂದೆತಾಯಿಗಳು ಅರಿಯದೆ ಹಣ ಕೊಡುವರು. ಮಕ್ಕಳು ಅಳೆಯದೆ ಕೊಳ್ಳುವರು. ಆದಕಾರಣ ಈ ವಿಷಯವನ್ನು ಗೃಹಸ್ಥರಿಗೆ ತಿಳಿಯುವಂತೆ ನಿರೂಪಿಸುವುದು ಅವಶ್ಯವೆನಿಸಿದೆ.

ಕಾರ್ಡಿನ ಕಾರ್ಯ

ಗಣಕದ ಮುಖ್ಯ ಸಂಸ್ಕಾರಕವು ನುರಿತ ಅಡಿಗೆಯವನಿದ್ದಂತೆ. ಎಂತಹ ಕಠಿಣ ಪಾಕವನ್ನಾದರೂ ಅವನು ಒಂದಾದ ಮೇಲೊಂದರಂತೆ ಬೇಗ ಮಾಡಿ ಮುಗಿಸುವನು. ಆದರೆ ಜಾತ್ರೆಯ ದಾಸೋಹಕ್ಕೆ ಲಕ್ಷ ರೊಟ್ಟಿ ಬೇಕಾದಾಗ ಒಬ್ಬನಿಂದ ಆಗದು. ನೂರಾರು ತಾಯಂದಿರು ಸಾಲಾಗಿ ಕುಳಿತು ಒಂದೇ ಬಗೆಯ ಕೆಲಸವನ್ನು ಏಕಕಾಲಕ್ಕೆ ಮಾಡಬೇಕು. ಗ್ರಾಫಿಕ್ಸ್ ಕಾರ್ಡ್ ಈ ಎರಡನೆಯ ಬಗೆಯದು. 2024ರಲ್ಲಿ ಮಾರುಕಟ್ಟೆಗೆ ಬಂದ, ಎನ್‌ವಿಡಿಯ ಸಂಸ್ಥೆಯ ಸಾಧಾರಣ ಕಾರ್ಡುಗಳಲ್ಲೊಂದಾದ 6 ಜಿ.ಬಿ. ಸ್ಮೃತಿಯ ಆರ್‌ಟಿಎಕ್ಸ್ 3050ರಲ್ಲಿ ಇಂತಹ 2,304 ಪುಟ್ಟ ಗಣನಾ ಘಟಕಗಳಿವೆ. 2022ರ ಆರ್‌ಟಿಎಕ್ಸ್ 4090ರಲ್ಲಿ 16,384 ಇವೆ. ಪರದೆಯ ಲಕ್ಷಾಂತರ ಬಿಂದುಗಳಿಗೆ ಬಣ್ಣ ತುಂಬುವುದಕ್ಕೂ, ಕೃತಕ ಬುದ್ಧಿಮತ್ತೆಯ ಲೆಕ್ಕಗಳಿಗೂ ಈ ರಚನೆ ಹೇಳಿ ಮಾಡಿಸಿದಂತಿದೆ.

ಅಷ್ಟು ಘಟಕಗಳು ಒಮ್ಮೆಗೆ ದುಡಿಯುವಾಗ ವಿದ್ಯುತ್ತು ಬೇಕು. ವಿದ್ಯುತ್ತು ಹರಿದಲ್ಲಿ ಶಾಖವುಂಟು. ಶಾಖವನ್ನು ಹೊರದೂಡಲು ಲೋಹದ ರೆಕ್ಕೆಗಳೂ ಬೀಸಣಿಗೆಗಳೂ ಬೇಕು. ಕಾರ್ಡು ಹಿರಿದಾಗುವುದು ಈ ಕಾರಣದಿಂದಲೇ. ಅದರ ಮೂಲ ಚಿಪ್ಪು ಅಂಗೈಯಲ್ಲಿ ಅಡಗುವಷ್ಟೇ ಇದೆ. ಉಳಿದ ಗಾತ್ರದಲ್ಲಿ ಬಹುಪಾಲು ತಂಪಿನ ವ್ಯವಸ್ಥೆಯದು.

ಮೊದಲನೆಯದು ಅಳತೆ

ಕಚೇರಿಯ ಪುಟ್ಟ ಗಣಕಕ್ಕೆ ಒಂದು ನಿದರ್ಶನ ಡೆಲ್ ಸಂಸ್ಥೆಯ ಆಪ್ಟಿಪ್ಲೆಕ್ಸ್ 7050ರ ಚಿಕ್ಕ ಮಾದರಿ. ಅದರ ಎತ್ತರ 290 ಮಿ.ಮೀ., ಆಳ 292 ಮಿ.ಮೀ., ಅಗಲ 92.6 ಮಿ.ಮೀ. ಮಾತ್ರ. ಸಾಮಾನ್ಯ ಗ್ರಾಫಿಕ್ಸ್ ಕಾರ್ಡನ್ನು ಪೆಟ್ಟಿಗೆಯ ಹಿಂಬದಿಗೆ ಬಿಗಿಯುವ ಲೋಹದ ಪಟ್ಟಿಯ ಉದ್ದ ಸುಮಾರು 120 ಮಿ.ಮೀ. ಹನ್ನೆರಡು ಸೆಂಟಿಮೀಟರಿನ ಪಟ್ಟಿ ಒಂಬತ್ತೂ ಕಾಲು ಸೆಂಟಿಮೀಟರಿನ ಪೆಟ್ಟಿಗೆಯಲ್ಲಿ ನಿಲ್ಲದೆಂಬುದಕ್ಕೆ ಬೇರೆ ಶಾಸ್ತ್ರ ಬೇಕಿಲ್ಲ. ಇಂತಹ ಯಂತ್ರಗಳಿಗೆಂದೇ 'ಲೋ ಪ್ರೊಫೈಲ್' ಎಂಬ ಗಿಡ್ಡ ಕಾರ್ಡುಗಳಿದ್ದು, ಅವುಗಳ ಪಟ್ಟಿ ಸುಮಾರು 79 ಮಿ.ಮೀ. ಇರುತ್ತದೆ. ಕೊಳ್ಳುವಾಗ ಗಿಡ್ಡ ಪಟ್ಟಿಯೂ ಡಬ್ಬದಲ್ಲಿದೆಯೆ ಎಂದು ನೋಡಿಕೊಳ್ಳಬೇಕು. ಬಳಸಿದ ಕಾರ್ಡುಗಳಲ್ಲಿ ಅದು ಅನೇಕ ವೇಳೆ ಕಳೆದುಹೋಗಿರುತ್ತದೆ.

ಎತ್ತರದ ತರುವಾಯ ಉದ್ದ. ಮೇಲೆ ಹೇಳಿದ ಆರ್‌ಟಿಎಕ್ಸ್ 4090ರ ಮೂಲ ತಯಾರಿಕೆಯ ಕಾರ್ಡು 304 ಮಿ.ಮೀ. ಉದ್ದವಿದೆ, ಎಂದರೆ ಆ ಪುಟ್ಟ ಪೆಟ್ಟಿಗೆಗಿಂತಲೂ ಕಾರ್ಡೇ ಉದ್ದ. ಮೂರನೆಯದು ದಪ್ಪ. ಕಾರ್ಡುಗಳನ್ನು ಸಿಕ್ಕಿಸುವ ಗಾಡಿಗಳ ನಡುವಣ ಅಂತರ 20.32 ಮಿ.ಮೀ. ದೊಡ್ಡ ಬೀಸಣಿಗೆಯ ಕಾರ್ಡು ಇಂತಹ ಎರಡು ಅಥವಾ ಮೂರು ಸ್ಥಾನಗಳನ್ನು ಆಕ್ರಮಿಸುತ್ತದೆ. ಪಕ್ಕದಲ್ಲಿ ವಿದ್ಯುತ್ ಪೂರೈಕೆಯ ಡಬ್ಬವೋ ಪೆಟ್ಟಿಗೆಯ ಗೋಡೆಯೋ ಇದ್ದರೆ ಗಿಡ್ಡ ಕಾರ್ಡೂ ಕೂರದು. ಆದ್ದರಿಂದ ಎತ್ತರ, ಉದ್ದ, ದಪ್ಪ ಮೂರನ್ನೂ ಪೆಟ್ಟಿಗೆ ತೆರೆದು ಅಳತೆಪಟ್ಟಿಯಿಂದ ಅಳೆದು ಚೀಟಿಯಲ್ಲಿ ಬರೆದುಕೊಂಡೇ ಅಂಗಡಿಗೆ ಹೋಗತಕ್ಕದ್ದು. ಕಣ್ಣಳತೆ ಇಲ್ಲಿ ನಡೆಯದು.

ಎರಡನೆಯದು ವಿದ್ಯುತ್ತು

ಅಳತೆ ಸರಿಹೋದ ಮಾತ್ರಕ್ಕೆ ಕಾರ್ಯ ಮುಗಿಯಲಿಲ್ಲ. ಗಣಕದ ಮೂಲ ಫಲಕವು ಕಾರ್ಡಿಗೆ ತನ್ನ ಗಾಡಿಯ ಮೂಲಕ ಕೊಡಬಲ್ಲ ವಿದ್ಯುತ್ತು ಹೆಚ್ಚೆಂದರೆ 75 ವ್ಯಾಟ್. ಅದಕ್ಕೂ ಹೆಚ್ಚು ಬೇಡುವ ಕಾರ್ಡಿಗೆ ವಿದ್ಯುತ್ ಡಬ್ಬದಿಂದ ಪ್ರತ್ಯೇಕ ತಂತಿ ಬರಬೇಕು. ಆರು ಮುಳ್ಳಿನ ತಂತಿ 75 ವ್ಯಾಟ್, ಎಂಟು ಮುಳ್ಳಿನದು 150 ವ್ಯಾಟ್ ಕೊಡುವಂತೆ ನಿಯಮಿತವಾಗಿದೆ. ಕಚೇರಿಯ ಪುಟ್ಟ ಗಣಕಗಳಲ್ಲಿ ಸಾಮಾನ್ಯವಾಗಿ ಈ ತಂತಿಗಳೇ ಇರುವುದಿಲ್ಲ. ಆಪ್ಟಿಪ್ಲೆಕ್ಸ್ 7050ರ ಚಿಕ್ಕ ಮಾದರಿಯ ವಿದ್ಯುತ್ ಡಬ್ಬ ಒಟ್ಟು 180 ವ್ಯಾಟಿನದು. ಸಂಸ್ಕಾರಕಕ್ಕೆ 65, ಕಾರ್ಡಿಗೆ 75 ಎಂದು ಎಣಿಸಿದರೆ 140 ಆಯಿತು. ಫಲಕ, ಸ್ಮೃತಿ, ಡಿಸ್ಕು, ಬೀಸಣಿಗೆಗಳಿಗೆಲ್ಲ ಉಳಿಯುವುದು 40 ಮಾತ್ರ. ಹಲವು ವರ್ಷ ದುಡಿದ ಡಬ್ಬದ ಮೇಲೆ ಇದಕ್ಕಿಂತ ಅಧಿಕ ಭಾರ ಹೊರಿಸುವುದು ವಿವೇಕವಲ್ಲ.

2023ರಲ್ಲಿ ಬಂದ ಆರ್‌ಟಿಎಕ್ಸ್ 4060 ಕಾರ್ಡಿನ ಗಿಡ್ಡ ಮಾದರಿಯೂ ಉಂಟು. ಗಿಗಾಬೈಟ್ ಸಂಸ್ಥೆ ತಯಾರಿಸಿದ ಅದು ಸುಮಾರು 18 ಸೆಂ.ಮೀ. ಉದ್ದವಿದ್ದು ಪುಟ್ಟ ಪೆಟ್ಟಿಗೆಯನ್ನು ಹೊಕ್ಕೀತು. ಆದರೆ ಅದರ ಬೇಡಿಕೆ 115 ವ್ಯಾಟ್. ಎಂಟು ಮುಳ್ಳಿನ ತಂತಿ ಇಲ್ಲದೆ ಅದು ನಡೆಯದು. ಒಳಗೆ ಹಿಡಿಸಿದ್ದೆಲ್ಲ ನಡೆಯುವುದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ. ಇದಕ್ಕೆ ಪ್ರತಿಯಾಗಿ 6 ಜಿ.ಬಿ.ಯ ಆರ್‌ಟಿಎಕ್ಸ್ 3050 ಕೇವಲ 70 ವ್ಯಾಟಿನದಾಗಿದ್ದು, ಅದರ ಗಿಡ್ಡ ಮಾದರಿಗಳು ಹೊರಗಿನ ತಂತಿಯಿಲ್ಲದೆ ನಡೆಯುತ್ತವೆ. ವೃತ್ತಿಪರ ಕೆಲಸಕ್ಕಾಗಿ 2021ರಲ್ಲಿ ಬಂದ ಆರ್‌ಟಿಎಕ್ಸ್ ಎ2000 ಕೂಡ 70 ವ್ಯಾಟಿನ ಗಿಡ್ಡ ಕಾರ್ಡೇ.

ಕೆಲವರು ಡಿಸ್ಕಿಗೆ ಹೋಗುವ ಸಾಟಾ ತಂತಿಯಿಂದ ಕವಲು ತೆಗೆದು ಕಾರ್ಡಿಗೆ ಜೋಡಿಸುವ ಉಪಾಯ ಹೇಳುವುದುಂಟು. ಸಾಟಾ ಜೋಡಣೆಯು 12 ವೋಲ್ಟಿನಲ್ಲಿ ಕೊಡಲು ಯೋಗ್ಯವಾಗಿರುವುದು 54 ವ್ಯಾಟ್ ಮಾತ್ರ. ಅದರಿಂದ 75 ಅಥವಾ 150 ವ್ಯಾಟನ್ನು ಎಳೆದರೆ ಜೋಡಣೆಯು ಕಾದು ಕರಗುವುದು.

ಇದು ಬರಿಯ ಊಹೆಯ ಮಾತಲ್ಲ. ಪ್ರಸಾದ ನಿಲಯದ ವಿದ್ಯಾರ್ಥಿಯೊಬ್ಬನ ತಂದೆ ತೊಗರಿ ಮಾರಿದ ಹಣದಲ್ಲಿ ಒಂದು ಭಾಗವನ್ನು ಕಾರ್ಡಿಗೆಂದು ಕೊಟ್ಟಿದ್ದರು. ಹುಡುಗ ಬಳಸಿದ ದೊಡ್ಡ ಕಾರ್ಡನ್ನು ತಂದ. ಪೆಟ್ಟಿಗೆಯಲ್ಲಿ ಅದು ಹಿಡಿಯಲಿಲ್ಲ. ಅಂಗಡಿಯವರು ಹಿಂದಕ್ಕೆ ಪಡೆಯಲಿಲ್ಲ. ಗೆಳೆಯರ ಮಾತು ಕೇಳಿ ಪೆಟ್ಟಿಗೆಯ ಬದಿಯನ್ನು ಕಳಚಿ, ಕಾರ್ಡನ್ನು ಹೊರಚಾಚಿ ನಿಲ್ಲಿಸಿ, ಸಾಟಾ ಕವಲನ್ನು ಜೋಡಿಸಿದ. ಅರ್ಧ ಗಂಟೆಯೊಳಗೆ ಸುಟ್ಟ ವಾಸನೆ ಹಬ್ಬಿತು. ಪಕ್ಕದ ಹಾಸಿಗೆಯ ಹುಡುಗ ಎದ್ದು ಗೋಡೆಯ ಸ್ವಿಚ್ಚನ್ನು ಆರಿಸಿದ್ದರಿಂದ ಅನರ್ಥ ತಪ್ಪಿತು. ಮರುದಿನ ಆ ಹುಡುಗ ಕರಗಿದ ಜೋಡಣೆಯನ್ನು ತಂದು ತೋರಿಸಿ, "ಗುರುಗಳೆ, ಅಪ್ಪನಿಗೆ ಏನು ಹೇಳಲಿ?" ಎಂದ. "ಇದ್ದುದನ್ನು ಇದ್ದಂತೆ ಹೇಳು" ಎಂಬುದಲ್ಲದೆ ಬೇರೆ ಉತ್ತರವಿರಲಿಲ್ಲ. ಅವನು ಹೇಳಿದ; ತಂದೆ ಸೈರಿಸಿಕೊಂಡರು. ಆದರೆ ಹೋದ ಹಣ ಒಂದು ಬೆಳೆಯ ಶ್ರಮದ ಭಾಗವಾಗಿತ್ತು. ಹದಿನೈದು ಮಕ್ಕಳು ಮಲಗುವ ಕೊಠಡಿಯಲ್ಲಿ ಅದು ಮಧ್ಯರಾತ್ರಿ ನಡೆದಿದ್ದರೆ ಏನಾಗುತ್ತಿತ್ತೆಂಬುದನ್ನು ವಾಚಕರೇ ಊಹಿಸಬಹುದು.

ಅನುಭವಸ್ಥ ತಯಾರಕರೂ ಇಕ್ಕಟ್ಟಿನಲ್ಲಿ ಎಡವಿದ ನಿದರ್ಶನವುಂಟು. ಎನ್‌ಜೆಡ್‌ಎಕ್ಸ್‌ಟಿ ಎಂಬ ಸಂಸ್ಥೆಯ ಎಚ್1 ಎಂಬ ಪುಟ್ಟ ಪೆಟ್ಟಿಗೆಯಲ್ಲಿ ದೊಡ್ಡ ಕಾರ್ಡನ್ನು ನಿಲ್ಲಿಸಲು ಒಂದು ಮಧ್ಯಂತರ ಫಲಕವಿತ್ತು. ಅದನ್ನು ಬಿಗಿಯುವ ತಿರುಪು ಫಲಕದೊಳಗಿನ ವಿದ್ಯುತ್ ಪದರಕ್ಕೆ ತಗುಲಿ ಬೆಂಕಿಯ ಅಪಾಯ ಉಂಟಾಗಬಹುದೆಂದು ಕಂಡುಬಂದು, 2021ರಲ್ಲಿ ಅಮೆರಿಕದಲ್ಲಿ ಮಾರಾಟವಾದ ಸುಮಾರು 32,000 ಪೆಟ್ಟಿಗೆಗಳ ವಿಷಯದಲ್ಲಿ ಹಿಂಪಡೆಯುವ ಕ್ರಮ ಜರುಗಿತು. ಒಂದು ತಿರುಪಿನಿಂದ ಇಷ್ಟು ಆಗುವುದಾದರೆ, ಮನೆಯಲ್ಲಿ ತಗಡು ಕತ್ತರಿಸಿ ಮಾಡುವ ಸಾಹಸದ ಬಗೆಗೆ ಹೇಳತಕ್ಕದ್ದೇನು?

ಮೂರನೆಯದು ಶಾಖ

ಬೇಸಿಗೆಯಲ್ಲಿ ಕಲಬುರಗಿ, ರಾಯಚೂರು ಪ್ರಾಂತಗಳ ಬಿಸಿಲು 40 ಡಿಗ್ರಿಯನ್ನು ಮೀರುತ್ತದೆ. ಒಳಸೇರುವ ಗಾಳಿಯೇ ಬಿಸಿಯಾಗಿರುವಾಗ ಅದು ಕಾರ್ಡನ್ನು ತಂಪುಗೊಳಿಸುವುದು ದುಸ್ತರ. ಶಾಖ ಮಿತಿಮೀರಿದಾಗ ಕಾರ್ಡು ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸುತ್ತದೆ. ಎಂದರೆ ಕೊಟ್ಟ ಹಣದ ಫಲ ಪೂರ್ತಿ ದೊರೆಯದು. ಪೆಟ್ಟಿಗೆಯನ್ನು ಗೋಡೆಗೆ ಒತ್ತಿ ಇಡಬಾರದು, ಬೀರುವಿನೊಳಗೆ ಮುಚ್ಚಿಡಬಾರದು, ಗಾಳಿಕಿಂಡಿಗಳ ಧೂಳನ್ನು ಆಗಾಗ ತೆಗೆಯಬೇಕು. ತಂಪಿಗೆಂದು ಬದಿಯನ್ನು ತೆರೆದಿಡುವ ರೂಢಿಯೂ ಸಲ್ಲದು; ಧೂಳು, ಹಲ್ಲಿ, ಇಲಿ, ಎಳೆಯ ಮಕ್ಕಳ ಬೆರಳು ಇವೆಲ್ಲಕ್ಕೂ ಅದು ಆಹ್ವಾನವಿತ್ತಂತೆ.

ಹಾಗಾದರೆ ಮಾಡಬೇಕಾದುದೇನು?

ಮೊದಲು ಕೆಲಸವನ್ನು ನಿರ್ಧರಿಸಬೇಕು. 2011ರಿಂದೀಚಿನ ಬಹುತೇಕ ಇಂಟೆಲ್ ಕಚೇರಿ ಗಣಕಗಳ ಸಂಸ್ಕಾರಕದಲ್ಲಿಯೇ ಚಿತ್ರ ತೋರಿಸುವ ಶಕ್ತಿ ಅಡಗಿದೆ. ಬರವಣಿಗೆಗೂ ಪಾಠಕ್ಕೂ ಬೇರೆ ಕಾರ್ಡು ಬೇಡ. ಅಚ್ಚಾದ ಕನ್ನಡ ಪುಟಗಳ ಚಿತ್ರವನ್ನು ಅಕ್ಷರಗಳಾಗಿ ಮಾರ್ಪಡಿಸುವ ಟೆಸರಾಕ್ಟ್ ಎಂಬ ಉಚಿತ ತಂತ್ರಾಂಶವೂ ಕಾರ್ಡಿಲ್ಲದೆ ನಡೆಯುತ್ತದೆ. ಕೃತಕ ಬುದ್ಧಿಮತ್ತೆಯ ಅಭ್ಯಾಸಕ್ಕಾದರೆ ಕಾಲೇಜಿನ ಪ್ರಯೋಗಾಲಯವನ್ನೋ, ಮಿತವಾಗಿ ಉಚಿತ ದೊರೆಯುವ ಗೂಗಲ್ ಕೋಲ್ಯಾಬ್ ಸೌಕರ್ಯವನ್ನೋ ಮೊದಲು ಬಳಸಿ ನೋಡಬಹುದು. ಅನಿಮೇಷನ್, ಮೂರು ಆಯಾಮದ ನಕ್ಷೆ ಮುಂತಾದವು ನಿತ್ಯದ ಕೆಲಸವಾದಾಗ ಮಾತ್ರ ಸ್ವಂತ ಕಾರ್ಡು ನ್ಯಾಯವಾದ ಅವಶ್ಯಕತೆ.

ಅವಶ್ಯಕತೆ ಸಾಧಾರಣವಾಗಿದ್ದರೆ 75 ವ್ಯಾಟಿನೊಳಗಿನ, ಹೊರತಂತಿ ಬೇಡದ ಗಿಡ್ಡ ಕಾರ್ಡೇ ಯೋಗ್ಯ. ಅವಶ್ಯಕತೆ ಅದನ್ನು ಮೀರಿದ್ದರೆ ಪುಟ್ಟ ಪೆಟ್ಟಿಗೆಯನ್ನು ಹಿಂಸಿಸದೆ, ಅದನ್ನು ಮಾರಿ ಇಲ್ಲವೆ ಮನೆಯ ಕಿರಿಯರ ಓದಿಗೆ ಬಿಟ್ಟು, ಸಾಮಾನ್ಯ ಅಳತೆಯ ಪೆಟ್ಟಿಗೆಯ ಯಂತ್ರವನ್ನು ಕೊಳ್ಳುವುದು ಲೇಸು. ಪುಟ್ಟ ಗಣಕದ ಫಲಕವನ್ನೇ ದೊಡ್ಡ ಪೆಟ್ಟಿಗೆಗೆ ವರ್ಗಾಯಿಸುವೆನೆಂದರೆ ಅದೂ ಸುಲಭವಲ್ಲ. ಇಂತಹ ಅನೇಕ ಕಚೇರಿ ಗಣಕಗಳ ಫಲಕದ ಆಕಾರವೂ ವಿದ್ಯುತ್ ಜೋಡಣೆಯೂ ಆಯಾ ಸಂಸ್ಥೆಯ ಸ್ವಂತ ಮಾದರಿಯವಾಗಿದ್ದು, ಪೇಟೆಯಲ್ಲಿ ಸಿಗುವ 24 ಮುಳ್ಳಿನ ಸಾಮಾನ್ಯ ವಿದ್ಯುತ್ ಡಬ್ಬ ಅವಕ್ಕೆ ನೇರವಾಗಿ ಹೊಂದದು.

ಕಾರ್ಡು ಹಾಕುವ ಕ್ರಮವು ಸರಳ. ಗಣಕವನ್ನು ಆರಿಸಿ, ಗೋಡೆಯಿಂದ ತಂತಿಯನ್ನು ಕಿತ್ತು, ಒಳಗೆ ಉಳಿದ ವಿದ್ಯುತ್ತು ಹೋಗುವಂತೆ ಚಾಲನೆಯ ಗುಂಡಿಯನ್ನು ಕೆಲವು ಕ್ಷಣ ಒತ್ತಿ ಹಿಡಿಯಬೇಕು. ಪೆಟ್ಟಿಗೆಯ ಬರಿಯ ಲೋಹವನ್ನು ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಳ್ಳಬೇಕು. ಕಾರ್ಡನ್ನು ಅಂಚಿನಲ್ಲಿ ಹಿಡಿದು, ಉದ್ದನೆಯ ಗಾಡಿಯಲ್ಲಿ ನೇರವಾಗಿ ಒತ್ತಿ, ಚಿಲಕ ಕೂತದ್ದನ್ನು ಕಂಡು, ಪಟ್ಟಿಯನ್ನು ಬಿಗಿಯಬೇಕು. ಪರದೆಯ ತಂತಿಯನ್ನು ಹಳೆಯ ಜಾಗಕ್ಕಲ್ಲದೆ ಹೊಸ ಕಾರ್ಡಿಗೇ ಜೋಡಿಸಬೇಕು. ಒತ್ತಾಯದಿಂದ ಕೂರಿಸಬೇಕಾಗಿ ಬಂದರೆ ಅಲ್ಲಿಯೇ ನಿಲ್ಲಿಸಿ ಬಲ್ಲವರನ್ನು ಕರೆಯುವುದು ಒಳಿತು.

ಶರಣರ ಅಳತೆ

ಉಪಕರಣವನ್ನು ತುಚ್ಛವಾಗಿ ಕಾಣುವುದು ನಮ್ಮ ಪರಂಪರೆಯಲ್ಲ. ತಾಳೆಗರಿಗಳಲ್ಲಿ ಅಡಗಿದ್ದ ವಚನಗಳನ್ನು ಹೊರತಂದ ಡಾ. ಫ.ಗು. ಹಳಕಟ್ಟಿಯವರು (1880-1964) 1923ರಲ್ಲಿ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗವನ್ನು ಪ್ರಕಟಿಸಿದರು. ಮುಂದೆ ವಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ಸ್ಥಾಪಿಸುವುದಕ್ಕೆ ತಮ್ಮ ಮನೆಯನ್ನೇ ಮಾರಿದರು. ಅವರು ಯಂತ್ರವನ್ನು ತಂದದ್ದು ಕಾಯಕ ಅದನ್ನು ಬೇಡಿದ್ದರಿಂದ. ಇನ್ನೊಂದೆಡೆ ಆಯ್ದಕ್ಕಿ ಲಕ್ಕಮ್ಮನವರ ಕಥೆಯನ್ನು ಅರಿಯದವರಾರು? ಪತಿ ಮಾರಯ್ಯನವರು ಅಂದಿನ ಅಗತ್ಯಕ್ಕಿಂತ ಮಿಗಿಲಾದ ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಎಲ್ಲಿಂದ ತಂದಿರೋ ಅಲ್ಲಿಗೇ ಸುರಿದು ಬನ್ನಿರೆಂದು ಆ ತಾಯಿ ಕಳುಹಿಸಿದರು. ಒಬ್ಬರು ಕಾಯಕಕ್ಕಾಗಿ ಮನೆಯನ್ನೂ ಮಾರಿದರು. ಒಬ್ಬರು ಒಂದು ಹಿಡಿ ಅಕ್ಕಿಯನ್ನೂ ಹೆಚ್ಚಾಗಿ ಇಟ್ಟುಕೊಳ್ಳಲಿಲ್ಲ. ಇಬ್ಬರಲ್ಲಿಯೂ ಇದ್ದದ್ದು ಒಂದೇ ಅಳತೆಗೋಲು. ಅದು ಕಾಯಕದ ಅವಶ್ಯಕತೆ.

ಮನೆಯ ಹಿರಿಯರು ಮಗುವಿನ ಬೇಡಿಕೆಯನ್ನು ಗದರಿ ತಳ್ಳುವುದೂ ಬೇಡ, ಕಣ್ಣು ಮುಚ್ಚಿ ಒಪ್ಪುವುದೂ ಬೇಡ. "ಯಾವ ಕೆಲಸಕ್ಕೆ, ಎಷ್ಟು ವ್ಯಾಟ್, ಎಷ್ಟು ಉದ್ದ?" ಎಂಬ ಮೂರು ಪ್ರಶ್ನೆಗಳನ್ನು ಕೇಳಿ, ಉತ್ತರವನ್ನು ಅವರ ಕೈಯಿಂದಲೇ ಬರೆಯಿಸಿ, ಪೆಟ್ಟಿಗೆಯನ್ನು ಜೊತೆಗೆ ಕುಳಿತು ಅಳೆಯಲಿ. ಹಾಗೆ ಅಳೆದು ತಂದ ಕಾರ್ಡು ಮಕ್ಕಳ ಕಾಯಕಕ್ಕೆ ನೆರವಾಗುವುದು. ದುಡಿದ ಹಣವೂ ಸಾರ್ಥಕವಾಗುವುದು.