ವೆಡ್ಜಸ್ ಕಪ್ಪಾಗೋದು ಯಾಕೆ?

ಕೋಲಾರದಿಂದ ಮಾತಾಡ್ತಿದ್ದೀನಿ. ಓವನ್‌ನಲ್ಲಿ ವೆಡ್ಜಸ್ ಮಾಡಿದ್ರೆ ಹೊರಗೆ ಕಪ್ಪು, ಆದ್ರೂ ಗರಿಗರಿ ಇಲ್ಲ, ಅಲ್ವಾ? ಮಸಾಲೆ ಬಿಡಿ, ಗಡ್ಡೆ ನೋಡಿ. ಕೋಲ್ಡ್ ಸ್ಟೋರೇಜ್‌ನ 2ರಿಂದ 4 ಡಿಗ್ರಿ ಚಳಿಯಲ್ಲಿ ತಿಂಗಳುಗಟ್ಟಲೆ ಇದ್ದ ಆಲೂಗಡ್ಡೆಯ ಪಿಷ್ಟ ಸ್ವಲ್ಪ ಸ್ವಲ್ಪವೇ ಸಕ್ಕರೆಯಾಗುತ್ತೆ. ಆ ಸಕ್ಕರೆ ಬಿಸಿಗೆ ಬೇಗ ಕಪ್ಪಾಗುತ್ತೆ. ಫ್ರಿಡ್ಜಲ್ಲಿಟ್ರೂ ಅದೇ ಕತೆ. ನಮ್ಮ ಮಾಲೂರು ಕಡೆ ಹೊಲದಿಂದ ನೇರ ಬಂದ ಗಡ್ಡೆ ಸಿಕ್ಕರೆ ಬಿಡಬೇಡಿ. ಸ್ಟೋರೇಜ್‌ದೇ ಸಿಕ್ಕಿದ್ರೆ ಹತ್ತು ದಿನ ಮನೆಯ ಕತ್ತಲ ಮೂಲೇಲಿಡಿ, ಸಕ್ಕರೆ ಒಂದಷ್ಟು ಇಳಿಯುತ್ತೆ.

ಸಿಪ್ಪೆ ಸಮೇತ ಉದ್ದಕ್ಕೆ ಹೆಚ್ಚಿ, ಉಪ್ಪುನೀರಲ್ಲಿ 6 ನಿಮಿಷ ಬೇಯಿಸಿ, ಬಸಿದು, ಬಟ್ಟೆ ಮೇಲೆ ಪೂರ್ತಿ ಆರಿಸಿ. ತೇವ ಉಳಿದ್ರೆ ಗರಿಗರಿ ಮರೆತುಬಿಡಿ. ಎಣ್ಣೆ ಸವರಿ 220 ಡಿಗ್ರಿಯಲ್ಲಿ 30 ನಿಮಿಷ, ಮಧ್ಯೆ ಒಮ್ಮೆ ತಿರುವಿ. ತುರಿದ ಚೀಸ್ ಕೊನೆಯ 6 ನಿಮಿಷಕ್ಕೆ ಮಾತ್ರ. ಟ್ರೇಗೆ ಅಂಟಿ ಕೆಂಪಾದ ಚೀಸ್ ಮಾತ್ರ ನನ್ನ ಪಾಲು!